ಪಿಜಿಯ ವೈಫೈ: ಏರ್‌ಟೈಮ್ ಹಂಚುವ ಲೆಕ್ಕ

ಮಣಿಪಾಲ, ಸುರತ್ಕಲ್, ಕೊಣಾಜೆ ಕಡೆಯ ಪಿಜಿ, ಹಾಸ್ಟೆಲ್‌ಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ವೈಫೈ ದೂರು ಜಾಸ್ತಿ. ಸಂಜೆಯಾದ ಮೇಲೆ ಎಲ್ಲರೂ ರೂಮಿನೊಳಗೆ, ಕೈಯಲ್ಲಿ ಫೋನು, ಮೇಜಿನ ಮೇಲೆ ಲ್ಯಾಪ್‌ಟಾಪು. ಓನರ್ 100 ಎಂಬಿಪಿಎಸ್ ಪ್ಲ್ಯಾನನ್ನು 300ಕ್ಕೆ ಏರಿಸುತ್ತಾರೆ, ದೂರು ಹಾಗೇ ಉಳಿಯುತ್ತದೆ. ಆಮೇಲೆ ಯಾರೋ ಬಂದು ಒಬ್ಬೊಬ್ಬರಿಗೆ 5 ಎಂಬಿಪಿಎಸ್ ಅಂತ ಮಿತಿ ಹಾಕಿ ಹೋಗುತ್ತಾರೆ. ಅದರಿಂದಲೂ ದೊಡ್ಡ ಪ್ರಯೋಜನ ಕಾಣುವುದಿಲ್ಲ. ಇಂಥ ಕಡೆ ಹೆಚ್ಚಾಗಿ ಸಾಲದೇ ಬರುವುದು ರೇಡಿಯೋ ಚಾನೆಲ್ಲಿನಲ್ಲಿ ಸಿಗುವ ಸಮಯ. ಅದಕ್ಕೇ ಏರ್‌ಟೈಮ್ ಅನ್ನುವುದು.

ಮೊದಲು ಅದು ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಎಲ್ಲರೂ ಆನ್‌ಲೈನ್ ಇರುವ ಹೊತ್ತಿಗೆ ಒಂದು ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ ರೂಟರಿನ ವಿಳಾಸಕ್ಕೇ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವ ಕಮಾಂಡ್) ಕೊಡಿ, ಇನ್ನೊಂದರಿಂದ ವೈಫೈ ಮೂಲಕ ಅದೇ ವಿಳಾಸಕ್ಕೆ ಪಿಂಗ್ ಕೊಡಿ. ಕೇಬಲ್ಲಿನದ್ದು 1 ಮಿಲಿಸೆಕೆಂಡ್ ಆಸುಪಾಸಿನಲ್ಲಿದ್ದು ವೈಫೈಯದ್ದು 200, 300 ಅಂತ ಕುಣಿಯುತ್ತಿದ್ದರೆ ಅಡಚಣೆ ಗಾಳಿಯಲ್ಲಿದೆ. ಎರಡೂ ಚೆನ್ನಾಗಿದ್ದು ಹೊರಗಿನ ಸರ್ವರಿಗೆ ಮಾತ್ರ ಪಿಂಗ್ ಏರುತ್ತಿದ್ದರೆ ಬ್ರಾಡ್‌ಬ್ಯಾಂಡ್ ಲೈನೇ ತುಂಬಿದೆ. ಆಗ ರೂಟರಿನಲ್ಲಿ ಎಸ್‌ಕ್ಯುಎಂ (ಡೇಟಾದ ಸಾಲು ಬೆಳೆಯದಂತೆ ನೋಡಿಕೊಳ್ಳುವ ವ್ಯವಸ್ಥೆ) ಹಾಕಿ ಲೈನಿನ ವೇಗದ ಶೇ. 90ರಷ್ಟಕ್ಕೆ ಕಟ್ಟಿದರೆ ಸಾಕು, ಈ ಬರಹದ ಉಳಿದ ಭಾಗ ನಿಮಗೆ ಬೇಕಾಗಿಲ್ಲ.

ವೈಫೈಯ ಮೂಲ ನಿಯಮದಲ್ಲಿ ಪ್ರತಿ ಸಾಧನಕ್ಕೂ ಹೆಚ್ಚುಕಡಿಮೆ ಸಮಾನ ಸರದಿ ಸಿಗುತ್ತದೆ. ಸರದಿ ಬಂದಾಗ ಎಷ್ಟು ಹೊತ್ತು ತೆಗೆದುಕೊಂಡರು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೊಂದರೆಯ ಬೇರು ಇದೇ. 1500 ಬೈಟಿನ ಒಂದು ಪ್ಯಾಕೆಟ್ (ಡೇಟಾದ ಒಂದು ಕಂತು) ಅಂದರೆ 12,000 ಬಿಟ್. 54 ಎಂಬಿಪಿಎಸ್ ಲಿಂಕ್ ವೇಗದಲ್ಲಿ (ರೂಟರಿಗೂ ಅದಕ್ಕೂ ನಡುವೆ ಗಾಳಿಯಲ್ಲಿ ಡೇಟಾ ಹೋಗುವ ವೇಗ) ಕೂತ ಲ್ಯಾಪ್‌ಟಾಪಿಗೆ ಅದು 222 ಮೈಕ್ರೋಸೆಕೆಂಡಿನ ಕೆಲಸ. ಮೂಲೆಯ ರೂಮಿನಲ್ಲಿ 6 ಎಂಬಿಪಿಎಸ್‌ಗೆ ಇಳಿದ ಫೋನಿಗೆ 2000 ಮೈಕ್ರೋಸೆಕೆಂಡ್ ಬೇಕು. ಒಬ್ಬರಾದ ಮೇಲೆ ಒಬ್ಬರಂತೆ ಒಂದೊಂದು ಪ್ಯಾಕೆಟ್ ಹೋದರೆ ಇಬ್ಬರಿಗೂ ಸಿಗುವುದು 5.4 ಎಂಬಿಪಿಎಸ್. ಶಿರಾಡಿ ಘಾಟಿಯಲ್ಲಿ ಮುಂದೊಂದು ಲೋಡ್ ಲಾರಿ ಸಿಕ್ಕಿದರೆ ಹಿಂದಿನ ಕಾರಿನದ್ದೂ ಅದೇ ವೇಗ, ಹಾಗೆ. ಈ ಗುಣವನ್ನು 2003ರಲ್ಲೇ ಫ್ರಾನ್ಸಿನ ಸಂಶೋಧಕರು ಲೆಕ್ಕ ಹಾಕಿ ತೋರಿಸಿ, 802.11ಬಿ ಎಂಬ ಹಳೆ ವೈಫೈ ಮಾನದಂಡದ 'ಪರ್ಫಾರ್ಮೆನ್ಸ್ ಅನಾಮಲಿ' ಅಂತ ಕರೆದರು.

ಅದೇ ಇಬ್ಬರಿಗೆ ಸಮಯವನ್ನು ಅರ್ಧರ್ಧ ಹಂಚಿ ನೋಡಿ. ಲ್ಯಾಪ್‌ಟಾಪಿಗೆ 27, ಫೋನಿಗೆ 3. ಒಟ್ಟು 10.8 ಇದ್ದದ್ದು 30 ಆಯಿತು. ಫೋನಿನವನಿಗೆ 5.4 ಹೋಗಿ 3 ಆಯಿತಲ್ಲ, ಇದು ಅನ್ಯಾಯವಲ್ಲವೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದಕ್ಕೆ ಟ್ಯಾನ್ ಮತ್ತು ಗುಟ್ಟಾಗ್ ಎಂಬ ಸಂಶೋಧಕರು 2004ರಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆ. ಅದೇ ವೇಗದ ಇನ್ನೊಂದು ಫೋನು ಪಕ್ಕದಲ್ಲಿದ್ದಿದ್ದರೆ ಅವನಿಗೆ ಸಿಗುತ್ತಿದ್ದುದೂ 3 ತಾನೇ. ಅಂದರೆ ಪಕ್ಕದವರ ಲಿಂಕ್ ವೇಗ ಎಷ್ಟೇ ಇರಲಿ, ನಮ್ಮ ಪಾಲು ಬದಲಾಗುವುದಿಲ್ಲ. (ಮೇಲಿನ ಲೆಕ್ಕದಲ್ಲಿ ಪ್ರಿಆಂಬಲ್ (ಪ್ಯಾಕೆಟ್ಟಿನ ಮುಂಚೆ ಹೋಗುವ ಸಂಕೇತ), ಅಕ್ (ತಲುಪಿತು ಎಂಬ ಉತ್ತರ) ಇಂಥ ಹೆಚ್ಚುವರಿ ಖರ್ಚು ಬಿಟ್ಟಿದ್ದೇನೆ. ನಿಜದಲ್ಲಿ ಎಲ್ಲ ಅಂಕಿಯೂ ಇನ್ನಷ್ಟು ಕೆಳಗೆ ಬರುತ್ತದೆ.)

ತಲಾ 5 ಎಂಬಿಪಿಎಸ್ ಮಿತಿ ಯಾಕೆ ಸಾಲದು ಎಂಬುದೂ ಇದರಿಂದಲೇ ತಿಳಿಯುತ್ತದೆ. 400 ಎಂಬಿಪಿಎಸ್ ಲಿಂಕಿನಲ್ಲಿರುವವನು 5 ಎಂಬಿಪಿಎಸ್ ಎಳೆದರೆ ಡೇಟಾಕ್ಕೆ ಗಾಳಿಯ ಶೇ. 1.25 ಹೋಗುತ್ತದೆ. 6.5 ಎಂಬಿಪಿಎಸ್ ಲಿಂಕಿನವನು ಅದೇ 5 ಎಳೆದರೆ ಬರೀ ಡೇಟಾಕ್ಕೇ ಶೇ. 77. ಮರುಪ್ರಯತ್ನ, ಅಕ್ ಎಲ್ಲ ಸೇರಿದರೆ ಪೂರ್ತಿ ಚಾನೆಲ್ ಅವನದ್ದೇ. ಮೈಕ್ರೋಟಿಕ್ ರೂಟರಿನಲ್ಲಿ ಎಷ್ಟು ಚಂದದ ಕ್ಯೂ ಕಟ್ಟಿದರೂ ಅದಕ್ಕೆ ಬೈಟು ಕಾಣುತ್ತದೆ, ಮೈಕ್ರೋಸೆಕೆಂಡ್ ಕಾಣುವುದಿಲ್ಲ. ಆ ಕೆಲಸ ಆಗಬೇಕಾದ್ದು ಆಕ್ಸೆಸ್ ಪಾಯಿಂಟಿನ (ವೈಫೈ ಬಿಡುವ ಡಬ್ಬಿಯ) ಡ್ರೈವರಿನೊಳಗೆ, ಅಂದರೆ ಅದರ ರೇಡಿಯೋ ನಡೆಸುವ ತಂತ್ರಾಂಶದೊಳಗೆ.

ಡ್ರೈವರ್ ಇದನ್ನು ಮಾಡುವ ಬಗೆ ಹೀಗೆ. ಪ್ರತಿ ಸಾಧನಕ್ಕೂ ಒಂದು ಖಾತೆ. ಸರದಿ ಬಂದಾಗ ಖಾತೆಗೆ ಇಷ್ಟು ಮೈಕ್ರೋಸೆಕೆಂಡ್ ಜಮೆ. ಪ್ಯಾಕೆಟ್ ಹೋದ ಮೇಲೆ ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಖರ್ಚು. ಖಾತೆ ಮೈನಸ್‌ಗೆ ಹೋದವನು ಸಾಲಿನ ಕೊನೆಗೆ. ಇದರಲ್ಲಿ ಮುಖ್ಯವಾದದ್ದು ಮರುಪ್ರಯತ್ನಗಳ ಸಮಯವೂ ಅದೇ ಖಾತೆಗೆ ಬೀಳುವುದು. ದೂರದ ಫೋನಿಗೆ ಒಂದು ಪ್ಯಾಕೆಟ್ ಮೂರು ಸಲ ಕಳಿಸಬೇಕಾಗಿ ಬಂದರೆ ಮೂರರ ಸಮಯವೂ ಅವನ ಲೆಕ್ಕಕ್ಕೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಟೋಕೆ ಹೊಯ್ಲಂಡ್-ಯೋರ್ಗೆನ್ಸನ್, ಅವರ ಜೊತೆ ಡೇವ್ ಟಾಟ್ ಮತ್ತು ಇತರ ಸಂಗಡಿಗರು 2017ರಲ್ಲಿ ಇದನ್ನು ಲಿನಕ್ಸ್‌ನ ಎಟಿಎಚ್9ಕೆ ಡ್ರೈವರಿನಲ್ಲಿ ಮಾಡಿ ತೋರಿಸಿದರು. ಅವರ ಪರೀಕ್ಷೆಯಲ್ಲಿ ಎರಡು ವೇಗದ ಸಾಧನ, ಒಂದು ನಿಧಾನದ್ದು ಇತ್ತು. ಹೀಗೆ ಸರದಿ ಹಂಚುವ ಶೆಡ್ಯೂಲರ್ ಇಲ್ಲದಾಗ ನಿಧಾನದ್ದು ಒಂದೇ ಸುಮಾರು ಶೇ. 80ರಷ್ಟು ಏರ್‌ಟೈಮ್ ನುಂಗುತ್ತಿತ್ತು. ಮುಂದೆ 2019ರ ಲಿನಕ್ಸ್ 5.1ರಲ್ಲಿ ಈ ಶೆಡ್ಯೂಲರ್ ಎಲ್ಲ ಡ್ರೈವರುಗಳೂ ಬಳಸಬಹುದಾದ ಸಾಮಾನ್ಯ ಪದರಕ್ಕೆ ಬಂತು. ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕಬಹುದಾದ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ) ಹಾಕಿದ, ಎಟಿಎಚ್9ಕೆ ಅಥವಾ ಮೀಡಿಯಾಟೆಕ್‌ನ ಎಂಟಿ76 ಡ್ರೈವರಿನ ರೂಟರಿನಲ್ಲಿ ಇದು ತಾನಾಗಿ ಕೆಲಸ ಮಾಡುತ್ತದೆ. ಕಂಪನಿ ಫರ್ಮ್‌ವೇರ್‌ಗಳಲ್ಲಿ 'ಏರ್‌ಟೈಮ್ ಫೇರ್‌ನೆಸ್' ಅಂತ ಒಂದು ಟಿಕ್ ಇರುತ್ತದೆ. ಒಳಗೆ ಅದು ಮಾಡುವ ಕೆಲಸ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಹಾಕಿದ ಮೇಲೆ ಅಳೆಯದೆ ನಂಬಬಾರದು.

ಅಳೆಯುವುದು ಕಷ್ಟವಲ್ಲ. ಕೇಬಲ್ಲಿನಲ್ಲಿರುವ ಒಂದು ಕಂಪ್ಯೂಟರಿನಲ್ಲಿ ಐಪರ್ಫ್3 (ವೇಗ ಅಳೆಯುವ ತಂತ್ರಾಂಶ) ಸರ್ವರ್ ಓಡಿಸಿ. ಒಂದು ಫೋನನ್ನು ಆಕ್ಸೆಸ್ ಪಾಯಿಂಟಿನ ಹತ್ತಿರ ಇಡಿ, ಇನ್ನೊಂದನ್ನು ಎರಡು ಗೋಡೆಯಾಚೆ. ಎರಡಕ್ಕೂ ಒಟ್ಟಿಗೆ ಒಂದು ನಿಮಿಷ ಡೌನ್‌ಲೋಡ್ ಕೊಟ್ಟು ವೇಗ ಬರೆದಿಟ್ಟುಕೊಳ್ಳಿ. ಆಮೇಲೆ ಆ ಟಿಕ್ ತೆಗೆದು ಇನ್ನೊಮ್ಮೆ. ಹತ್ತಿರದ ಫೋನಿನ ವೇಗ ಎರಡು ಸಲವೂ ಒಂದೇ ಇದ್ದರೆ ಆ ಟಿಕ್ ಹೆಸರಿಗೆ ಮಾತ್ರ ಇದೆ ಅಂತ ಲೆಕ್ಕ. ಓಪನ್‌ಡಬ್ಲ್ಯುಆರ್‌ಟಿಯಲ್ಲಾದರೆ 'ಐಡಬ್ಲ್ಯು' ಕಮಾಂಡಿನ 'ಸ್ಟೇಷನ್ ಡಂಪ್' ಕೊಟ್ಟಾಗ ಒಂದೊಂದು ಸಾಧನದ ಸಿಗ್ನಲ್, ಲಿಂಕ್ ವೇಗ ಬರುತ್ತದೆ. ಡ್ರೈವರ್ ಲೆಕ್ಕ ಇಟ್ಟಿದ್ದರೆ ಕಳಿಸಿದ ಮತ್ತು ಪಡೆದ ಸಮಯವೂ ಮೈಕ್ರೋಸೆಕೆಂಡಿನಲ್ಲಿ ಕಾಣುತ್ತದೆ. ಐದು ನಿಮಿಷ ಬಿಟ್ಟು ಎರಡು ಸಲ ತೆಗೆದು ಕಳೆದು ನೋಡಿದರೆ ಗಾಳಿ ತಿನ್ನುವವರು ಯಾರು ಅಂತ ಗೊತ್ತಾಗುತ್ತದೆ.

ನಮ್ಮ ಕಡೆ ಆ ಪಟ್ಟಿಯ ಮೇಲ್ಭಾಗದಲ್ಲಿ ಇರುವುದು ಮುರಕಲ್ಲಿನ ಗೋಡೆಯ ಹಿಂದಿನವರು. ಹಳೆ ಹಂಚಿನ ಮನೆಯನ್ನೇ ಪಿಜಿ ಮಾಡಿದ ಕಡೆ ಒಳಗೋಡೆಗಳೂ ಕಲ್ಲಿನವೇ, ದಪ್ಪ. ಮುರಕಲ್ಲು ತೂತುತೂತಿನ ಕಲ್ಲು, ಗಾರೆ ಇಲ್ಲದ ಹೊರಗೋಡೆ ಜುಲೈಯಲ್ಲಿ ನೀರು ಕುಡಿದು ಕೂತಿರುತ್ತದೆ. ನೀರು ವೈಫೈ ತರಂಗವನ್ನು ಹೀರುತ್ತದೆ. ಬೇಸಿಗೆಯಲ್ಲಿ −70 ಡಿಬಿಎಂ ಸಿಗ್ನಲ್ ಸಿಗುತ್ತಿದ್ದ ರೂಮು ಮಳೆಗಾಲದಲ್ಲಿ ಇನ್ನೂ ಕೆಳಗಿಳಿದರೆ ಲಿಂಕ್ ವೇಗವೂ ಜೊತೆಗೆ ಇಳಿಯುತ್ತದೆ. ಹೀಗಿರುವಾಗ ಶೆಡ್ಯೂಲರ್ ಉಳಿದವರನ್ನು ಕಾಪಾಡುತ್ತದೆ, ಆ ರೂಮಿನವನನ್ನಲ್ಲ. ಅವನಿಗೆ ಬೇಕಾದ್ದು ಕೇಬಲ್ ಎಳೆದು ಹತ್ತಿರ ಇಟ್ಟ ಇನ್ನೊಂದು ಆಕ್ಸೆಸ್ ಪಾಯಿಂಟು.

ಅಲ್ಲಿ ಕೇಬಲ್ ಬದಲು ಮೆಶ್ (ವೈಫೈಯಿಂದಲೇ ಸಂಪರ್ಕ ಪಡೆದು ಮುಂದೆ ಹಂಚುವ ಡಬ್ಬಿ) ಹಾಕಿದರೆ ಹೊಸ ತೊಡಕು ಬರುತ್ತದೆ. ಮುಖ್ಯ ಆಕ್ಸೆಸ್ ಪಾಯಿಂಟಿನ ಕಣ್ಣಿಗೆ ಆ ಮೆಶ್ ಡಬ್ಬಿ ಒಂದೇ ಸಾಧನ. ಅದರ ಹಿಂದೆ ಹನ್ನೆರಡು ಜನ ಇದ್ದರೂ ಸಿಗುವುದು ಒಬ್ಬರ ಪಾಲು. ಆಕ್ಸೆಸ್ ಪಾಯಿಂಟನ್ನು ನಡೆಸುವ ಹಾಸ್ಟಾಪಿಡಿ ತಂತ್ರಾಂಶದಲ್ಲಿ ಏರ್‌ಟೈಮ್ ಮೋಡನ್ನು 1 ಮಾಡಿ, ಆ ಡಬ್ಬಿಯ ಮ್ಯಾಕ್ ವಿಳಾಸಕ್ಕೆ ತೂಕ ಹೆಚ್ಚಿಸಬೇಕು. ಮಾಮೂಲಿ ತೂಕ 256, ಆದ್ದರಿಂದ 1024 ಕೊಟ್ಟರೆ ನಾಲ್ಕು ಪಾಲು. ಮೋಡ್ 2ರಲ್ಲಿ ತೂಕವನ್ನು ನೆಟ್‌ವರ್ಕ್ ಹೆಸರಿಗೇ ಕೊಡಬಹುದು. ಆಫೀಸಿನದ್ದಕ್ಕೆ 1, ಹುಡುಗರದ್ದಕ್ಕೆ 3 ಅಂತ ಇಟ್ಟರೆ ಎರಡೂ ತುಂಬಿರುವಾಗ ಸಮಯ 1:3ರಲ್ಲಿ ಹಂಚಿಹೋಗುತ್ತದೆ.

ಯಾರ ಖಾತೆಗೂ ಬೀಳದ ಖರ್ಚೂ ಇದೆ. ಬೀಕನ್ (ವೈಫೈ ಹೆಸರನ್ನು ಸಾರುವ ಪ್ಯಾಕೆಟ್) ಮತ್ತು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಕಳಿಸುವ) ಪ್ಯಾಕೆಟ್‌ಗಳು ಸಾಮಾನ್ಯವಾಗಿ ಅತಿ ಕೆಳಗಿನ ಬೇಸಿಕ್ ವೇಗದಲ್ಲಿ ಹೋಗುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಅದು 1 ಎಂಬಿಪಿಎಸ್ ಇದ್ದರೆ 300 ಬೈಟಿನ ಒಂದು ಬೀಕನ್‌ಗೆ ಪ್ರಿಆಂಬಲ್ ಸೇರಿ ಸುಮಾರು 2.6 ಮಿಲಿಸೆಕೆಂಡ್. ಒಂದೊಂದು ವೈಫೈ ಹೆಸರಿಗೂ ಸೆಕೆಂಡಿಗೆ ಸುಮಾರು ಹತ್ತು ಬೀಕನ್. ಸ್ಟಾಫ್, ಗೆಸ್ಟ್, ಸಿಸಿಟಿವಿ, ಹಾಸ್ಟೆಲ್ ಅಂತ ನಾಲ್ಕು ಹೆಸರು ಹಾಕಿದರೆ ಗಾಳಿಯ ಶೇ. 10 ಯಾರೂ ಬಳಸುವ ಮೊದಲೇ ಖಾಲಿ. ಒಂದೇ ಚಾನೆಲ್ಲಿನಲ್ಲಿ ಅಂಥ ಮೂರು ಆಕ್ಸೆಸ್ ಪಾಯಿಂಟು ಒಂದಕ್ಕೊಂದು ಕೇಳಿಸಿದರೆ ಶೇ. 30. ಬೇಸಿಕ್ ವೇಗವನ್ನು 12 ಎಂಬಿಪಿಎಸ್ ಮಾಡಿ 1, 2, 5.5, 11 ತೆಗೆದುಹಾಕಿದರೆ ಅದೇ ನಾಲ್ಕು ಹೆಸರಿಗೆ ಶೇ. 1ರ ಒಳಗೆ ಮುಗಿಯುತ್ತದೆ. ಹೆಸರನ್ನೂ ಎರಡಕ್ಕೆ ಇಳಿಸಿ. ಇಷ್ಟು ಚಿಕ್ಕ ಬದಲಾವಣೆಗೆ ಇಷ್ಟು ದೊಡ್ಡ ಲಾಭ ಬೇರೆ ಎಲ್ಲೂ ಸಿಗದು. 802.11ಬಿ ಮಾತ್ರ ಗೊತ್ತಿರುವ ಯಾವುದಾದರೂ ಹಳೆ ಮೆಷಿನ್ ಇದ್ದರೆ ಅದು ನಿಂತುಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಕ್ಲೈಂಟ್ ಐಸೊಲೇಷನ್ (ಸಾಧನಗಳು ತಮ್ಮತಮ್ಮಲ್ಲಿ ಮಾತಾಡದಂತೆ ತಡೆಯುವ ಆಯ್ಕೆ) ಹಾಕಿದರೆ ಫೋನುಗಳು ಒಂದನ್ನೊಂದು ಹುಡುಕುವ ಬ್ರಾಡ್‌ಕಾಸ್ಟ್ ಗದ್ದಲವೂ ತಗ್ಗುತ್ತದೆ.

ಇನ್ನು ಅಪ್‌ಲೋಡ್. ಆಕ್ಸೆಸ್ ಪಾಯಿಂಟು ತಾನು ಕಳಿಸುವುದನ್ನು ಹಂಚಬಲ್ಲದು. ಫೋನು ಯಾವಾಗ ಮಾತಾಡಬೇಕು ಎಂಬುದು ವೈಫೈ 5ರವರೆಗೆ ಫೋನಿನದ್ದೇ ತೀರ್ಮಾನ. ಆದರೆ ಪಡೆದ ಸಮಯವನ್ನೂ ಖಾತೆಗೆ ಬರೆದುಕೊಂಡು ಆ ಸಾಧನಕ್ಕೆ ಹೋಗುವ ಟಿಸಿಪಿ ಅಕ್‌ಗಳನ್ನು ತಡಮಾಡಿದರೆ, ಅಕ್‌ಗೆ ಕಾದು ಮುಂದಿನದ್ದನ್ನು ಕಳಿಸುವ ಟಿಸಿಪಿ ಅಪ್‌ಲೋಡ್ ತಾನಾಗಿ ನಿಧಾನವಾಗುತ್ತದೆ. ರಾತ್ರಿ ಫೋಟೋ ಬ್ಯಾಕಪ್‌ಗೆ ಈ ಉಪಾಯ ನಾಟುತ್ತದೆ. ಯುಡಿಪಿಯಲ್ಲಿ ಒಂದೇ ಸಮ ವಿಡಿಯೋ ಸುರಿಯುವ ಸಿಸಿಟಿವಿ ಕ್ಯಾಮೆರಾಕ್ಕೆ ನಾಟುವುದಿಲ್ಲ, ಅದು ಯಾವ ಅಕ್‌ಗೂ ಕಾಯುವುದಿಲ್ಲ. ಕಾಂಪೌಂಡಿನ ಮೂಲೆಯ ಕ್ಯಾಮೆರಾ ವೈಫೈಯಲ್ಲಿದ್ದರೆ ಅದಕ್ಕೆ ಕೇಬಲ್ ಎಳೆಯುವುದೇ ದಾರಿ. ವೈಫೈ 6ರಲ್ಲಿ ಆಕ್ಸೆಸ್ ಪಾಯಿಂಟೇ ಟ್ರಿಗರ್ (ಕಳಿಸುವ ಸೂಚನೆ) ಕೊಟ್ಟು, 20 ಮೆಗಾಹರ್ಟ್ಸ್ ಚಾನೆಲ್ಲನ್ನು 9 ತುಂಡುಗಳವರೆಗೆ ಸೀಳಿ ಯಾರು ಎಲ್ಲಿ ಕಳಿಸಬೇಕು ಅಂತ ಹೇಳಬಲ್ಲದು. ಫೋನೂ ವೈಫೈ 6ರದ್ದಾಗಿರಬೇಕು, ಹಳೆಯವು ತಮ್ಮ ಪಾಡಿಗೆ ನುಗ್ಗುತ್ತಲೇ ಇರುತ್ತವೆ.

ಯಕ್ಷಗಾನ ಬಯಲಾಟದ ಲೈವ್ ಕೊಡುವವರಿಗೂ ಇದೇ ತೊಂದರೆ. ಅಪ್‌ಲೋಡ್ ಹೋಗುತ್ತಿರುವ ವೈಫೈಗೇ ಆಟ ನೋಡಲು ಬಂದವರ ಫೋನೂ ಸೇರಿಕೊಂಡರೆ ಭಾಗವತರ ಪದ ಏರುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ. ಎನ್‌ಕೋಡರಿಗೆ (ವಿಡಿಯೋ ಕಳಿಸುವ ಸಾಧನಕ್ಕೆ) ಲ್ಯಾನ್ ಕೇಬಲ್ ಕೊಡುವುದು ಮೊದಲ ಆಯ್ಕೆ. ಆಗದಿದ್ದರೆ 5 ಗಿಗಾಹರ್ಟ್ಸ್ ರೇಡಿಯೋವನ್ನು ಅದಕ್ಕೊಂದಕ್ಕೇ ಮೀಸಲಿಟ್ಟು, ನಡುವೆ ಅಡ್ಡ ಇಲ್ಲದಂತೆ ಆಕ್ಸೆಸ್ ಪಾಯಿಂಟನ್ನು ಕಂಬಕ್ಕೆ ಕಟ್ಟಿ. 200 ಎಂಬಿಪಿಎಸ್ ಲಿಂಕ್ ಸಿಕ್ಕಿದರೆ 6 ಎಂಬಿಪಿಎಸ್ ವಿಡಿಯೋಕ್ಕೆ ಡೇಟಾ ಲೆಕ್ಕದಲ್ಲಿ ಗಾಳಿಯ ಶೇ. 3 ಸಾಕು. ಜನರಿಗೆ ಬೇಕಾದರೆ 2.4 ಗಿಗಾಹರ್ಟ್ಸ್ ಬಿಟ್ಟುಕೊಡಿ, 1, 6, 11ರಲ್ಲಿ ಖಾಲಿ ಇರುವ ಚಾನೆಲ್ಲಿನಲ್ಲಿ, 20 ಮೆಗಾಹರ್ಟ್ಸ್ ಅಗಲದಲ್ಲಿ. 40 ಮಾಡಿದರೆ ಪಕ್ಕದ ಅಂಗಡಿಯ ವೈಫೈ ಮಾತಾಡುವಾಗೆಲ್ಲ ನಿಮ್ಮದು ಸುಮ್ಮನೆ ಕಾಯಬೇಕಾಗುತ್ತದೆ.