ಹಡಗು ತಡೆದವರಿಗೆ ಬೈಯುವ ಮೊದಲು

ಕಳೆದ ಮಳೆಗಾಲದಲ್ಲಿ ನಮ್ಮ ಆಫೀಸಿನವರೆಲ್ಲ ಸೇರಿ ಒಬ್ಬ ಸರ್ವೇಯರ್‌ಗೆ, ಅಂದರೆ ಬಂದರಿನಲ್ಲಿ ಹಡಗು ತಪಾಸಣೆ ಮಾಡುವ ಅಧಿಕಾರಿಗೆ, ಬೈದರು. ಅವರ ಮುಖ ನಾವ್ಯಾರೂ ನೋಡಿಲ್ಲ, ಹೆಸರೂ ಗೊತ್ತಿಲ್ಲ. ನಮ್ಮ ಕಾಫಿ ಹೋಗಬೇಕಿದ್ದ ಹಡಗನ್ನು ಅವರು ತಡೆದಿದ್ದರು, ಅಷ್ಟೇ. ಆ ಬೈಗುಳ ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ. ಆ ಇಡೀ ಗಲಾಟೆಯಲ್ಲಿ ತಮ್ಮ ಕೆಲಸ ನೆಟ್ಟಗೆ ಮಾಡಿದವರು ಅವರೇ.

ನಾನು ಹಾಸನದಲ್ಲಿ ಒಂದು ಕಾಫಿ ಎಕ್ಸ್‌ಪೋರ್ಟ್ ಕಂಪನಿಯ ಡಾಕ್ಯುಮೆಂಟೇಷನ್ ನೋಡಿಕೊಳ್ಳುತ್ತೇನೆ. ಇಟಲಿಯ ಪಾರ್ಟಿಗೆ ರೋಬಸ್ಟಾ ಚೆರಿ ಎಬಿ ಗ್ರೇಡಿನ ಕಾಫಿ, 60 ಕೆಜಿಯ 320 ಚೀಲ ಒಂದು ಕಂಟೇನರ್‌ಗೆ, ಅಂದರೆ 19.2 ಟನ್. ಸ್ಟಫಿಂಗ್ (ಕಂಟೇನರ್ ತುಂಬುವುದು) ಮುಗಿಯಿತು, ಫೈಟೊ (ಸಸ್ಯ ಆರೋಗ್ಯ ಪ್ರಮಾಣಪತ್ರ) ಬಂತು, ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್ ಆಯಿತು. ಅಷ್ಟರಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಜರಿದು ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿ ಬಂದ್. ಸಕಲೇಶಪುರದಲ್ಲಿ ಲಾರಿಗಳ ಸಾಲು. ಕಟ್‌ಆಫ್, ಅಂದರೆ ಬಂದರಿಗೆ ಕಂಟೇನರ್ ತಲುಪಿಸುವ ಕೊನೆಯ ಸಮಯ, ಹತ್ತಿರ ಬರುತ್ತಿದೆ, ಡ್ರೈವರ್ ಫೋನ್ ಸಿಗುತ್ತಿಲ್ಲ. ಕೊನೆಗೂ ಲಾರಿ ಘಾಟಿ ಇಳಿದು ಪಣಂಬೂರಿನ ಬಂದರಿನಲ್ಲಿ ಗೇಟ್ ಇನ್ ಆಯಿತು ಎಂಬ ಮೆಸೇಜ್ ಬಂತು. ಆವತ್ತು ರಾತ್ರಿ ನೆಮ್ಮದಿಯಾಗಿ ಊಟ ಮಾಡಿದೆ.

ಮರುದಿನ ಮಂಗಳೂರಿನ ನಮ್ಮ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಫೋನ್ ಮಾಡಿದರು. "ಮೇಡಂ, ಫೀಡರ್ ಬರುವುದಿಲ್ಲ ಮಾರಾಯ್ರೆ. ಹಿಂದಿನ ಪೋರ್ಟ್‌ನಲ್ಲಿ ಪಿಎಸ್‌ಸಿಯವರು ಡಿಟೇನ್ ಮಾಡಿದ್ದಾರೆ."

ಫೀಡರ್ ಅಂದರೆ ಕಂಟೇನರ್‌ಗಳನ್ನು ದೊಡ್ಡ ಬಂದರಿಗೆ ಒಯ್ಯುವ ಹಡಗು; ಪಿಎಸ್‌ಸಿ ಅಂದರೆ ಪೋರ್ಟ್ ಸ್ಟೇಟ್ ಕಂಟ್ರೋಲ್, ಬಂದರಿನಲ್ಲಿ ಹಡಗು ತಪಾಸಣೆ ಮಾಡುವವರು. ಎಲ್‌ಸಿಯಲ್ಲಿ (ಬೈಯರ್ ಕಡೆಯ ಬ್ಯಾಂಕ್ ಹಣಕ್ಕೆ ಕೊಡುವ ಖಾತ್ರಿ ಪತ್ರ) ಸರಕು ಹಡಗು ಹತ್ತಬೇಕಾದ ಕೊನೆಯ ತಾರೀಖು ಆ ವಾರವೇ ಇತ್ತು. ಮುಂದಿನ ಫೀಡರ್‌ನಲ್ಲಿ ಜಾಗ ಇಲ್ಲ. ಕಂಟೇನರ್ ಯಾರ್ಡ್‌ನಲ್ಲಿ ಕೂತರೆ ಇನ್ನೊಂದು ಭಯ: ಜುಲೈ ತಿಂಗಳ ಮಂಗಳೂರಿನಲ್ಲಿ ಕಂಟೇನರ್ ಒಳಗೆ ಬೆವರುತ್ತದೆ, ಕ್ರಾಫ್ಟ್ ಪೇಪರ್, ಡ್ರೈ ಬ್ಯಾಗ್ ಎಲ್ಲ ಹಾಕಿದ್ದರೂ ಮಾಯಿಶ್ಚರ್ ಏರಿದರೆ ಕಾಫಿಗೆ ವಾಸನೆ ಹಿಡಿಯುತ್ತದೆ, ಆಮೇಲೆ ಕ್ಲೇಮು. ಎಂಡಿ ಸಾರ್ ರೂಮಿಗೆ ಹೋಗಿ ವಿಷಯ ಹೇಳಿದೆ. ಡಿಟೆನ್ಷನ್ ಯಾಕೆ ಅಂತ ಕೇಳಿದರು. ಸಿಎಚ್‌ಎ ಹೇಳಿದ್ದನ್ನೇ ಹೇಳಿದೆ: ಲೈಫ್‌ಬೋಟ್ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಎಮರ್ಜೆನ್ಸಿ ಫೈರ್ ಪಂಪ್ ಪ್ರೆಶರ್ ಕೊಡುತ್ತಿಲ್ಲ, ಆಯ್ಲಿ ವಾಟರ್ ಸೆಪರೇಟರ್‌ನಲ್ಲಿ ಏನೋ ತೊಂದರೆ.

"ಒಂದು ಬೋಟ್ ಸ್ಟಾರ್ಟ್ ಆಗಲಿಲ್ಲ ಅಂತ ಇಷ್ಟು ದೊಡ್ಡ ಹಡಗು ನಿಲ್ಲಿಸ್ತಾರಾ? ಯಾರಿಗಾದರೂ ಹೇಳಿಸಿ."

ಯಾರಿಗೆ ಹೇಳಿಸುವುದು? ಬೇಲೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಎಂಜಿನಿಯರ್, ರಜೆಗೆ ಬಂದಿದ್ದ. ಅವನಿಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಂಡು, "ಅಕ್ಕ, ಆ ಹಡಗಿನಲ್ಲಿ ನಾನಿದ್ದಿದ್ದರೆ ಆ ಸರ್ವೇಯರ್‌ಗೆ ಕೈ ಮುಗಿಯುತ್ತಿದ್ದೆ" ಅಂದ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಶಿಪ್ಪಿಂಗ್ ಡೆಸ್ಕಿನಲ್ಲಿ ಕೂತವರಿಗೂ ಇದು ಗೊತ್ತಿರುವುದಿಲ್ಲ.

ಹಡಗು ಯಾವ ದೇಶದಲ್ಲಿ ರಿಜಿಸ್ಟರ್ ಆಗಿದೆಯೋ ಅದರ ಸುರಕ್ಷತೆಗೆ ಮೊದಲ ಹೊಣೆ ಆ ದೇಶದ್ದು. ಆದರೆ ಮಾಲೀಕ ಒಂದು ಕಡೆ, ಬಾವುಟ ಇನ್ನೊಂದು ಕಡೆ. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳ ಬಾವುಟ ಹಾರಿಸುವ ಎಷ್ಟೋ ಹಡಗುಗಳು ಆ ದೇಶಗಳ ಬಂದರನ್ನೇ ನೋಡಿರುವುದಿಲ್ಲ. ನಾಗಾಲ್ಯಾಂಡ್ ನಂಬರಿನ ಸ್ಲೀಪರ್ ಬಸ್ ನಮ್ಮ ಬಿ.ಎಂ. ರಸ್ತೆಯಲ್ಲಿ ಓಡುವ ಹಾಗೆ. ರಿಜಿಸ್ಟ್ರೇಷನ್ ಎಲ್ಲಿಯದೇ ಆಗಲಿ, ಬ್ರೇಕ್ ನೋಡುವ ಹಕ್ಕು ಇಲ್ಲಿಯವರಿಗೂ ಇರಬೇಕಲ್ವಾ? ಹಾಗೆ ಬಂದರಿಗೆ ಬಂದ ವಿದೇಶಿ ಹಡಗನ್ನು ಹತ್ತಿ ನೋಡುವುದೇ ಪೋರ್ಟ್ ಸ್ಟೇಟ್ ಕಂಟ್ರೋಲ್. ನಮ್ಮಲ್ಲಿ ಆ ಕೆಲಸ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ (ಹಡಗು ಸಾರಿಗೆ ಮಹಾನಿರ್ದೇಶನಾಲಯ) ಕೆಳಗಿನ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟಿನ ಸರ್ವೇಯರ್‌ಗಳದು.

ಒಂದೇ ದೇಶ ಬಿಗಿ ಮಾಡಿದರೆ ಹಡಗು ಪಕ್ಕದ ದೇಶಕ್ಕೆ ಹೋಗುತ್ತದೆ. ಅದಕ್ಕೇ ದೇಶಗಳು ಗುಂಪು ಕಟ್ಟಿಕೊಂಡಿವೆ. 1978ರಲ್ಲಿ ಅಮೊಕೊ ಕಾಡಿಜ್ ಎಂಬ ಟ್ಯಾಂಕರ್ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಒಡೆದು 2 ಲಕ್ಷ ಟನ್‌ಗಿಂತ ಜಾಸ್ತಿ ಕಚ್ಚಾ ತೈಲ ಸಮುದ್ರಕ್ಕೆ ಹರಿಯಿತು. ಅದಾದ ಮೇಲೆ ಯುರೋಪಿನ ದೇಶಗಳು 1982ರಲ್ಲಿ ಹಡಗು ತಪಾಸಣೆಗೆ ಪ್ಯಾರಿಸ್ ಒಪ್ಪಂದ ಮಾಡಿಕೊಂಡವು. ನಮ್ಮ ಕಡೆಯದು ಹಿಂದೂ ಮಹಾಸಾಗರದ ಒಪ್ಪಂದ, 1999ರ ಏಪ್ರಿಲ್‌ನಿಂದ ಜಾರಿ, ಕಚೇರಿ ಗೋವಾದಲ್ಲಿ. ಒಂದು ಬಂದರಿನಲ್ಲಿ ಸಿಕ್ಕಿದ ದೋಷ ಎಲ್ಲ ಸದಸ್ಯ ದೇಶಗಳಿಗೂ ಕಾಣುತ್ತದೆ. ಹೆಸರು ಬದಲಿಸಿದರೂ, ಬಾವುಟ ಬದಲಿಸಿದರೂ ಹಡಗಿನ ಏಳು ಅಂಕಿಯ ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ನಂಬರ್ ಬದಲಾಗುವುದಿಲ್ಲ.

ಸರ್ವೇಯರ್ ಮೊದಲು ಸರ್ಟಿಫಿಕೇಟ್ ನೋಡುತ್ತಾರೆ, ಹಡಗು ಸುತ್ತುತ್ತಾರೆ. ಅನುಮಾನಕ್ಕೆ ಗಟ್ಟಿ ಕಾರಣ ಸಿಕ್ಕಿದರೆ ಆಮೇಲೆ ಬಿಡಿಸಿ ನೋಡುತ್ತಾರೆ. ಸುಮ್ನೆ ತಡೆಯುವ ಹಾಗಿಲ್ಲ. ಕಾರಣವಿಲ್ಲದೆ ತಡ ಮಾಡಿದರೆ ಮಾಲೀಕ ಪರಿಹಾರ ಕೇಳಬಹುದು ಎಂದು ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ಹಾಗಿದ್ದೂ ಕೋಡ್ 30 (ಹಡಗು ತಡೆಯುವ ಸಂಕೇತ) ಹಾಕಿದರು ಎಂದರೆ ಆ ಹಡಗು ಆ ಸ್ಥಿತಿಯಲ್ಲಿ ಸಮುದ್ರಕ್ಕೆ ಇಳಿಯಲೇಬಾರದು ಎಂದರ್ಥ.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಸೆಪರೇಟರ್ ವಿಷಯ. ಎಂಜಿನ್ ರೂಮಿನ ತಳದಲ್ಲಿ ಎಣ್ಣೆ ಬೆರೆತ ನೀರು ಸೇರುತ್ತದೆ. ಸೋಸಿ, ಹತ್ತು ಲಕ್ಷ ಭಾಗದಲ್ಲಿ ಎಣ್ಣೆ 15 ಭಾಗ ಮೀರದಂತೆ ನೋಡಿಕೊಂಡು ಮಾತ್ರ ಹೊರಗೆ ಬಿಡಬೇಕು. ಹಡಗಿನಿಂದ ಸಮುದ್ರ ಮಲಿನವಾಗದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ನಿಯಮ ಅದು. ಪ್ರತಿ ಸಲವೂ ಆಯಿಲ್ ರೆಕಾರ್ಡ್ ಬುಕ್ಕಿನಲ್ಲಿ ಬರೆಯಬೇಕು. ಖರ್ಚು ಉಳಿಸುವವರು ಒಂದು ಕಳ್ಳ ಪೈಪ್ ಜೋಡಿಸಿ ನೇರ ಸಮುದ್ರಕ್ಕೆ ಬಿಡುತ್ತಾರೆ, ಬುಕ್ಕಿನಲ್ಲಿ ಮಾತ್ರ ಸೋಸಿದೆ ಎಂದು ಬರೆಯುತ್ತಾರೆ. "ಒಳ್ಳೆಯ ಸರ್ವೇಯರ್ ಬುಕ್ ಓದಿ ನಂಬಲ್ಲ ಅಕ್ಕ, ಪೈಪಿನ ಬೋಲ್ಟಿನ ಮೇಲೆ ಪೇಂಟ್ ಕಿತ್ತಿದೆಯಾ ಅಂತ ನೋಡ್ತಾರೆ" ಅಂದ ತಮ್ಮ.

ಅದೇ ದಿನ ಸಂಜೆ ಎಂಡಿ ಸಾರ್ ಮತ್ತೆ ಕರೆದರು. ಫೈನಾನ್ಸ್‌ನವರೂ ಇದ್ದರು. ಏಜೆಂಟ್ ಒಬ್ಬರು ದಾರಿ ತೋರಿಸಿದ್ದಾರೆ ಎಂದರು. ಇಂಡೆಮ್ನಿಟಿ ಲೆಟರ್ (ನಷ್ಟವಾದರೆ ನಾವೇ ಹೊಣೆ ಎಂಬ ಪತ್ರ) ಕೊಟ್ಟರೆ ಬಿಎಲ್‌ನಲ್ಲಿ (ಸರಕು ಹಡಗು ಹತ್ತಿತು ಎಂಬುದಕ್ಕೆ ಹಡಗಿನವರು ಕೊಡುವ ದಾಖಲೆ) ಆನ್ ಬೋರ್ಡ್ ಡೇಟನ್ನು ಎಲ್‌ಸಿಗೆ ಸರಿಹೊಂದುವ ಹಾಗೆ ಹಾಕಿಸಿಕೊಡುತ್ತಾರಂತೆ. ಡ್ರಾಫ್ಟ್ ನಾನು ಮಾಡಬೇಕು, ಅಷ್ಟೇ.

ಕಾಫಿ ಪಣಂಬೂರಿನ ಯಾರ್ಡ್‌ನಲ್ಲಿದೆ. ಹಡಗು ಇನ್ನೊಂದು ಬಂದರಿನಲ್ಲಿ ಕಟ್ಟಿಹಾಕಿಕೊಂಡಿದೆ. ಕಾಗದದಲ್ಲಿ ಮಾತ್ರ ಕಾಫಿ ಹಡಗು ಹತ್ತಬೇಕು! ಹಡಗಿನವರು ಬರೆದ ಬುಕ್ಕಿಗೂ ನಾವು ಬರೆಸಲು ಹೊರಟ ಬಿಎಲ್‌ಗೂ ಏನು ವ್ಯತ್ಯಾಸ ಎಂದು ತಲೆಯಲ್ಲಿ ಓಡುತ್ತಿತ್ತು. ಬಾಯಿ ಒಣಗಿತ್ತು. ಫೈನಾನ್ಸ್‌ನವರು ಪೆನ್ನು ತಿರುಗಿಸುತ್ತಾ ಕೂತಿದ್ದರು, ಯಾರೂ ನನ್ನ ಕಡೆ ನೋಡಲಿಲ್ಲ. "ಸಾರ್, ಇದನ್ನು ನಾನು ಮಾಡುವುದಿಲ್ಲ. ಆ ಹಡಗು ತಡೆದಿದ್ದಾರೆ ಎಂಬುದು ಎಲ್ಲರೂ ನೋಡಬಹುದಾದ ಪಟ್ಟಿಯಲ್ಲಿ ಬರುತ್ತದೆ. ಬೈಯರ್ ಒಂದು ಸಲ ನೋಡಿದರೆ ನಮ್ಮ ಕಥೆ ಮುಗಿಯಿತು" ಎಂದೆ. ಅದು ಫ್ರಾಡ್ ಎಂಬ ಮಾತನ್ನೂ ಹೇಳಿದೆ. ರೂಮಿನಲ್ಲಿ ಎಸಿ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಸಾರ್, "ಹಾಗಾದರೆ ಬೈಯರ್ ಒಪ್ಪದಿದ್ದರೆ ನೀವೇ ಉತ್ತರ ಹೇಳಬೇಕು" ಎಂದರು. ಹೂಂ ಅಂದು ಹೊರಗೆ ಬಂದೆ.

ಇಟಲಿಗೆ ನೇರವಾಗಿ ಬರೆದೆ. ಹಡಗಿನ ಹೆಸರು, ಐಎಂಒ ನಂಬರ್, ಯಾಕೆ ತಡೆದಿದ್ದಾರೆ, ಎಲ್‌ಸಿ ಅಮೆಂಡ್‌ಮೆಂಟ್ (ತಾರೀಖಿನ ತಿದ್ದುಪಡಿ) ಯಾಕೆ ಬೇಕು, ಎಲ್ಲ. ಅಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ಉತ್ತರಕ್ಕೆ ರಾತ್ರಿಯವರೆಗೆ ಕಾಯಬೇಕಾಯಿತು. ಅವರು ಒಪ್ಪಿದರು. ಅಮೆಂಡ್‌ಮೆಂಟ್ ಚಾರ್ಜ್ ನಮ್ಮ ತಲೆ ಮೇಲೆ, ಹಡಗಿಗೆ ಹತ್ತಿಸುವ ಮುನ್ನ ಮಾಯಿಶ್ಚರ್ ಇನ್ನೊಮ್ಮೆ ನೋಡಬೇಕು ಎಂದೂ ಬರೆದಿದ್ದರು. ಕೊನೆಯ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ: ಈ ಡಿಟೆನ್ಷನ್ ವಿಷಯ ತಮಗೆ ಬೆಳಿಗ್ಗೆಯೇ ಗೊತ್ತಿತ್ತು ಎಂದಿತ್ತು.

ಹಡಗು ರಿಪೇರಿಯಾಗಿ, ಸರ್ವೇಯರ್ ಮತ್ತೆ ಹತ್ತಿ ನೋಡಿ ಬಿಟ್ಟ ಮೇಲೆ ಕಾಫಿ ಹೋಯಿತು.

ಆಫೀಸಿನಲ್ಲಿ ಈಗಲೂ ಕೆಲವರು ಅದನ್ನು ಸರ್ಕಾರಿ ಕಿರಿಕಿರಿ ಅನ್ನುತ್ತಾರೆ. ಅಂಥವರಿಗೆ ನಾನು ಉಳ್ಳಾಲದ ವಿಷಯ ನೆನಪಿಸುತ್ತೇನೆ. ನಾವೆಲ್ಲ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಕಡಲು ಅದು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಅಲ್ಲಿ ಮುಳುಗಿತು. ಸಿರಿಯಾದ 15 ಜನರನ್ನು ಕೋಸ್ಟ್ ಗಾರ್ಡ್ ಉಳಿಸಿತು. 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಅದರಲ್ಲಿ 640 ಕಂಟೇನರ್ ಇದ್ದವು. ಕೇರಳದ ತೀರಕ್ಕೆ ಪ್ಲಾಸ್ಟಿಕ್ ಕಾಳು ಬಂದು ಬಿತ್ತು, ಮೀನುಗಾರರ ಬಲೆಗೆ ಕಷ್ಟ ಬಂತು. ಆದ ಮೇಲೆ ಎಣ್ಣೆ ಬಳಿಯುವುದಕ್ಕೆ ಕೋಸ್ಟ್ ಗಾರ್ಡ್ ಇದೆ, 1996ರಿಂದ ಅದಕ್ಕೊಂದು ರಾಷ್ಟ್ರೀಯ ಯೋಜನೆಯೂ ಇದೆ. ಆದರೆ ಹೊರಡುವ ಮೊದಲು ನಿಲ್ಲಿಸುವುದಕ್ಕೆ ಸರ್ವೇಯರ್ ಸಹಿಯೇ ಬೇಕು. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸದನ್ನು ಪಾಸು ಮಾಡಿದೆ. ಕಾಯ್ದೆ ಎಷ್ಟು ಹೊಸದಾದರೂ ಎಂಜಿನ್ ರೂಮಿಗೆ ಇಳಿದು ಬೋಲ್ಟ್ ನೋಡುವವರು ಬೇಕು.

ನಮ್ಮ ಪಾಲೂ ಇದೆ. ನಮ್ಮ ಬುಕಿಂಗ್ ಶೀಟಿನಲ್ಲಿ ರೇಟ್, ಟ್ರಾನ್ಸಿಟ್ ಟೈಮ್, ಫ್ರೀ ಡೇಸ್ ಎಲ್ಲಕ್ಕೂ ಕಾಲಂ ಇತ್ತು. ಹಡಗಿಗೆ ಇರಲಿಲ್ಲ. ಹತ್ತಿಪ್ಪತ್ತು ಡಾಲರ್ ಕಡಿಮೆ ಅಂದ ತಕ್ಷಣ ಮ್ಯಾನೇಜ್‌ಮೆಂಟ್ ಕಣ್ಣು ಮುಚ್ಚಿ ಓಕೆ ಅನ್ನುತ್ತದೆ. ಆ ಡಾಲರ್ ಲೈಫ್‌ಬೋಟ್ ಸರ್ವಿಸಿಂಗ್‌ನಿಂದ ಉಳಿದದ್ದಾ ಅಂತ ಯಾರೂ ಕೇಳುವುದಿಲ್ಲ. ಈಗ ಐಎಂಒ ನಂಬರ್‌ಗೆ ಒಂದು ಕಾಲಂ ಸೇರಿಸಿದ್ದೇನೆ. ಬುಕ್ ಮಾಡುವ ಮೊದಲು ಡಿಟೆನ್ಷನ್ ಪಟ್ಟಿ ನೋಡುತ್ತೇನೆ. ಕಷ್ಟದ ಕೆಲಸ ಏನಲ್ಲ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತದೆ. ಕೊನೇ ಗಳಿಗೆಯಲ್ಲಿ ಹಡಗು ಬದಲಾಗುವುದುಂಟು, ಆಗ ಮತ್ತೆ ನೋಡಬೇಕು.

ಈ ಸೀಸನ್ನಿನ ರೇಟುಗಳು ಬರತೊಡಗಿವೆ. ಎಲ್ಲಕ್ಕಿಂತ ಕಡಿಮೆ ಕೋಟ್ ಮಾಡಿದವರಿಗೆ ಹಡಗಿನ ಐಎಂಒ ನಂಬರ್ ಕೇಳಿ ಮೇಲ್ ಹಾಕಿದ್ದೇನೆ. ಎರಡು ಸಲ ನೆನಪಿಸಿದರೂ ಕೊಟ್ಟಿಲ್ಲ. ಕೊಡುವವರೆಗೂ ಬುಕಿಂಗ್ ಕನ್ಫರ್ಮ್ ಮಾಡುವುದಿಲ್ಲ ಎಂದು ಸಾರ್‌ಗೂ ಹೇಳಿದ್ದೇನೆ.