ಕಟ್ಟೆ ಮಟ್ಟದ ಲೆಕ್ಕ: ಗಿಟ್‌ಗೆ ಹಾಕಿದ್ದಾಯ್ತು, ಇಬ್ಬರೂ ಸೇರಿ ಬರೆಯೋದೂ ಶುರುವಾಯ್ತು

ಮೊದಲು ಏನು ಮಾಡ್ತಿದ್ದೀವಿ ಅಂತ ಹೇಳಿಬಿಡ್ತೀನಿ. ಕೆಆರ್‌ಎಸ್ ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತೆ: ಇವತ್ತಿನ ಮಟ್ಟ, ಗರಿಷ್ಠ ಮಟ್ಟ 124.80 ಅಡಿ, ಒಳಹರಿವು, ಹೊರಹರಿವು, ಸಂಗ್ರಹ ಎಷ್ಟು ಟಿಎಂಸಿ. ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಕಣ್ಣು ಮೊದಲು ಹೋಗೋದು ಆ ಪುಟ್ಟ ಚೌಕಕ್ಕೆ. ವಿ.ಸಿ. ನಾಲೆಗೆ ನೀರು ಬಿಡ್ತಾರೋ ಇಲ್ಲವೋ, ಒಟ್ಲು (ಭತ್ತದ ಸಸಿಮಡಿ) ಬಿಡಬೇಕೋ ಇನ್ನೂ ಕಾಯಬೇಕೋ ಅನ್ನೋದೆಲ್ಲ ಅದರ ಮೇಲೇ ನಿಂತಿರುತ್ತೆ. ನಮ್ಮ ಮನೆಯಲ್ಲಿ ಅಪ್ಪ ಬಹಳ ವರ್ಷ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಆ ಹಳೇ ಅಂಕಿಗಳನ್ನೂ ಈ ವರ್ಷದ ಅಂಕಿಗಳನ್ನೂ ಒಂದು ಕಡೆ ತಂದು, ವರ್ಷಕ್ಕೊಂದು ಗೆರೆ ಬರೋ ಹಾಗೆ ಗ್ರಾಫ್ ಮಾಡಬೇಕು ಅನ್ನೋದು ಆಸೆ. ಜೊತೆಗಾತಿ ಮೈಸೂರಲ್ಲಿ ಓದ್ತಿರೋ ಅಕ್ಕನ ಮಗಳು. ಅವಳಿಗೆ ಪೈಥಾನ್ ಬರುತ್ತೆ, ನನಗೆ ಅಪ್ಪನ ಕೈಬರಹ ಓದೋಕೆ ಬರುತ್ತೆ.

ಇಷ್ಟು ದಿನ ಎಕ್ಸೆಲ್ ಫೈಲು ವಾಟ್ಸ್ಆ್ಯಪ್‌ನಲ್ಲಿ ಮಂಡ್ಯ–ಮೈಸೂರು ಓಡಾಡ್ತಿತ್ತು. ಅವಳ ಹತ್ತಿರ ಒಂದು, ನನ್ನ ಹತ್ತಿರ ಒಂದು, ಯಾವುದು ಹೊಸದು ಅನ್ನೋದಕ್ಕೆ ದಿನಾ ಒಂದು ಫೋನು. ಗಿಟ್ ಹಿಡಿದದ್ದು ಅದಕ್ಕೇ. ಫೈಲಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅನ್ನೋದನ್ನೆಲ್ಲ ನೆನಪಿಟ್ಟುಕೊಳ್ಳೋ ಸಾಫ್ಟ್‌ವೇರ್ ಅದು.

ಮೇ: ಫೈಲಿನ ರೂಪ

ಗಿಟ್ ಹಾಕಿಕೊಳ್ಳೋದರಲ್ಲಿ ಹೇಳುವಂಥದ್ದೇನಿಲ್ಲ. ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆಜ್ಞೆ, ವಿಂಡೋಸ್‌ಗೆ ಇನ್‌ಸ್ಟಾಲರ್ ಸಿಗುತ್ತೆ. ಆಮೇಲೆ ಹೆಸರು, ಇಮೇಲ್ ಕೊಡಬೇಕು. ಹೆಸರು ಕನ್ನಡದಲ್ಲೇ ಕೊಟ್ಟೆ, ಏನೂ ತಕರಾರಿಲ್ಲ. ಇಮೇಲ್ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಿ. ಅದು ಪ್ರತಿ ಕಮಿಟ್‌ನಲ್ಲೂ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸೋದು) ಉಳಿಯುತ್ತೆ, ರೆಪೊ (ಫೈಲುಗಳೂ ಅವುಗಳ ಚರಿತ್ರೆಯೂ ಇರೋ ಫೋಲ್ಡರು) ಸಾರ್ವಜನಿಕ ಆದರೆ ಯಾರು ಬೇಕಾದರೂ ನೋಡಬಹುದು. ರೆಪೊ ಇಡೋ ವೆಬ್‌ಸೈಟು ಗಿಟ್‌ಹಬ್‌ನ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಗುಟ್ಟಾಗಿಡೋ ಆಯ್ಕೆ ಇದೆ. ಅದನ್ನು ಒತ್ತಿದರೆ ನೋರಿಪ್ಲೈ ವಿಳಾಸ ಒಂದು ಕೊಡ್ತಾರೆ, ಅದನ್ನೇ ಬಳಸಿ.

ಎಕ್ಸೆಲ್ ಫೈಲನ್ನು ಹಾಗೇ ಗಿಟ್‌ಗೆ ಹಾಕಬಹುದು, ಆದರೆ ಪ್ರಯೋಜನ ಕಮ್ಮಿ. ಅದು ಒಳಗೆ ಜಿಪ್ ಮಾಡಿದ ಗಂಟು. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ಗಿಟ್ 'ಬೈನರಿ ಫೈಲು, ಬೇರೆ ಇದೆ' ಅಂತ ಹೇಳಿ ಸುಮ್ಮನಾಗುತ್ತೆ. ಹಾಗಾಗಿ ಎಲ್ಲವನ್ನೂ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಬರೀ ಟೆಕ್ಸ್ಟ್ ಫೈಲು, ಮಾಡಿದ್ವಿ. ದಿನಕ್ಕೊಂದು ಸಾಲು; ದಿನಾಂಕ, ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ. ಈಗ ಒಂದು ಅಂಕಿ ತಿದ್ದಿದರೆ, ವ್ಯತ್ಯಾಸ ತೋರಿಸೋ ಡಿಫ್‌ನಲ್ಲಿ ಹಳೇ ಸಾಲು ಕೆಂಪಲ್ಲಿ, ಹೊಸ ಸಾಲು ಹಸಿರಲ್ಲಿ ಕಾಣುತ್ತೆ.

ಸಿಎಸ್‌ವಿ ಆದಮೇಲೂ ಎರಡು ತೊಡಕು ಬಂದವು. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದರೆ ಅದು ತನ್ನಿಷ್ಟಕ್ಕೆ ದಿನಾಂಕದ ರೂಪ ಬದಲಿಸಿಬಿಡಬಹುದು. ಒಂದು ಅಂಕಿ ತಿದ್ದಿದ್ದಕ್ಕೆ ಇಡೀ ವರ್ಷದ ಸಾಲುಗಳೆಲ್ಲ ಕೆಂಪು–ಹಸಿರು. ವರ್ಷ, ತಿಂಗಳು, ದಿನ ಅನ್ನೋ ಕ್ರಮವನ್ನೇ ಖಾಯಂ ಮಾಡಿ, ತಿದ್ದೋದನ್ನೆಲ್ಲ ಟೆಕ್ಸ್ಟ್ ಎಡಿಟರಿನಲ್ಲೇ ಮಾಡೋಣ ಅಂತ ಒಪ್ಪಿಕೊಂಡ್ವಿ. ಎರಡನೇದು ಸಾಲಿನ ಕೊನೆಯದು. ವಿಂಡೋಸ್ ಸಾಲು ಮುಗಿಯೋ ಕಡೆ ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತೆ, ಲಿನಕ್ಸ್ ಒಂದೇ ಹಾಕುತ್ತೆ. ಅವಳದು ವಿಂಡೋಸ್, ನನ್ನದು ಲಿನಕ್ಸ್. ಹೊಂದಿಸಿಕೊಳ್ಳದೇ ಇದ್ದರೆ ಏನೂ ಮುಟ್ಟದ ಫೈಲೂ ಪೂರ್ತಿ ಬದಲಾದ ಹಾಗೆ ತೋರಿಸುತ್ತೆ. ರೆಪೊದೊಳಗೆ ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಅನ್ನೋ ಫೈಲು ಮಾಡಿ, ನಕ್ಷತ್ರ ಚಿಹ್ನೆ ಹಾಕಿ 'ಟೆಕ್ಸ್ಟ್=ಆಟೊ' ಅಂತ ಒಂದು ಸಾಲು ಬರೆದರೆ ಗಿಟ್ ತಾನೇ ಸರಿದೂಗಿಸಿಕೊಳ್ಳುತ್ತೆ. ಮೊದಲ ಕಮಿಟ್‌ನಲ್ಲೇ ಇದನ್ನು ಹಾಕಿದರೆ ಒಳ್ಳೇದು.

ಕನ್ನಡದಲ್ಲಿ ಫೈಲಿನ ಹೆಸರು ಇಡೋರಿಗೆ ಇನ್ನೊಂದು ಮಾತು. 'ಕಟ್ಟೆ-ಮಟ್ಟ' ಅಂತ ಹೆಸರಿಟ್ಟ ಫೈಲನ್ನು ಗಿಟ್ ಸ್ಟೇಟಸ್ ತೋರಿಸೋವಾಗ ಹೆಸರಿನ ಬದಲು 340, 262, 225 ಅಂತ ಓರೆಗೆರೆ ಹಾಕಿದ ಅಂಕಿಗಳ ಮೆರವಣಿಗೆ ಬರುತ್ತೆ. ಫೈಲು ಕೆಟ್ಟಿಲ್ಲ. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಮಾತ್ರೆಗೂ ಮೂರು ಬೈಟು ಬೇಕು. ಗಿಟ್ ಆ ಬೈಟುಗಳನ್ನೇ ಎಂಟರ ಎಣಿಕೆಯಲ್ಲಿ ಬರೆದು ತೋರಿಸ್ತಿದೆ ಅಷ್ಟೇ. ಆ ಮೂರು ಸೇರಿದರೆ ನಮ್ಮ 'ಕ'. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನೋದನ್ನು ಫಾಲ್ಸ್ ಮಾಡಿದರೆ ಹೆಸರು ಕನ್ನಡದಲ್ಲೇ ಬರುತ್ತೆ. ಇಂಗ್ಲಿಷ್ ಹೆಸರಿಟ್ಟು ತಪ್ಪಿಸಿಕೊಳ್ಳಿ ಅಂತ ಸಲಹೆ ಕೊಡೋರು ಸಿಕ್ತಾರೆ. ನಮ್ಮ ಲೆಕ್ಕಕ್ಕೆ ನಮ್ಮ ಹೆಸರೇ ಇರಲಿ ಅನ್ನೋದು ನನ್ನ ಹಟ.

ಜೂನ್: ಒಬ್ಬನೇ ಕಮಿಟ್ ಮಾಡಿದ ದಿನಗಳು

ನನಗೆ ಬೇಕಾದ ಆಜ್ಞೆಗಳು ಕೆಲವೇ: ಸ್ಟೇಟಸ್, ಡಿಫ್, ಆ್ಯಡ್, ಕಮಿಟ್, ಲಾಗ್. ಹೊಸಬರು ತಲೆ ಕೆರೆದುಕೊಳ್ಳೋದು ಆ್ಯಡ್ ಹತ್ತಿರ. ಫೈಲು ಸೇವ್ ಮಾಡಿದ್ದಾಯ್ತು, ಮತ್ತೆ ಆ್ಯಡ್ ಯಾಕೆ, ಆಮೇಲೆ ಕಮಿಟ್ ಯಾಕೆ? ಆಲೆಮನೆಗೆ ಹೊರಡೋ ಗಾಡಿಗೆ ಈ ಸಲ ಯಾವ ಹೊರೆ ಹೇರಬೇಕು ಅಂತ ಆರಿಸೋದೇ ಆ್ಯಡ್. ಗಾಡಿ ಹೊರಡೋದು ಕಮಿಟ್. ಒಂದು ಬೆಳಿಗ್ಗೆ ಆ ದಿನದ ಅಂಕಿ ಸೇರಿಸಿ, ಜೊತೆಗೆ ಅಪ್ಪನ ನೋಟ್‌ಬುಕ್ಕಿನ ಹಳೇ ತಿಂಗಳೊಂದನ್ನೂ ತಿದ್ದಿದ್ದೆ. ಎರಡಕ್ಕೂ ಸಂಬಂಧ ಇಲ್ಲ. ಬೇರೆ ಬೇರೆ ಆ್ಯಡ್ ಮಾಡಿ ಎರಡು ಕಮಿಟ್ ಮಾಡಿದರೆ, ಮುಂದೆ ಒಂದನ್ನು ಮಾತ್ರ ವಾಪಸ್ ತಗೋಬೇಕು ಅನ್ನಿಸಿದಾಗ ಗಿಟ್ ರಿವರ್ಟ್‌ಗೆ ಸುಲಭ.

ಕಮಿಟ್ ಸಂದೇಶದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. 'ಅಂಕಿ ಸೇರಿಸಿದೆ' ಅಂತ ಬರೆಯೋದು ದಂಡ, ಸೇರಿಸಿದ್ದು ಡಿಫ್‌ನಲ್ಲೇ ಕಾಣುತ್ತಲ್ಲ. ಯಾಕೆ ಅನ್ನೋದನ್ನು ಬರೀಬೇಕು. 'ನೋಟ್‌ಬುಕ್ಕಿನಲ್ಲಿ 7 ಅಂತ ಓದಿದ್ದು 1 ಇರಬೇಕು, ಹಿಂದಿನ ದಿನ–ಮರುದಿನದ ಮಟ್ಟಕ್ಕೆ ಹೊಂದುತ್ತೆ' ಅಂತ ಬರೆದರೆ, ನಾಳೆ ಯಾರಾದರೂ ಇದ್ಯಾಕೆ ಹೀಗೆ ಅಂದಾಗ ಗಿಟ್ ಬ್ಲೇಮ್ ಆ ಸಾಲಿನ ಕಮಿಟ್ ತೋರಿಸುತ್ತೆ, ಉತ್ತರ ಅಲ್ಲೇ ಇರುತ್ತೆ. ಅಪ್ಪನ ನೋಟ್‌ಬುಕ್ಕಿನಲ್ಲಿ ಕಾಟು ಹೊಡೆದು ಪಕ್ಕದಲ್ಲಿ ಬರೆದ ಅಂಕಿಗಳು ಎಷ್ಟೋ ಇವೆ. ಯಾಕೆ ತಿದ್ದಿದರು ಅಂತ ಈಗ ಕೇಳೋಕೆ ಅವರಿಲ್ಲ.

ಇಷ್ಟೂ ಕೆಲಸಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಲಿನಕ್ಸ್ ಕರ್ನಲ್ (ಅದರ ತಿರುಳಿನ ಕೋಡು) ಬರೆಯೋರು ಬಿಟ್‌ಕೀಪರ್ ಅನ್ನೋ ಖಾಸಗಿ ಸಾಧನ ಬಳಸ್ತಿದ್ದರು. ಅದು ಉಚಿತವಾಗಿ ಸಿಗೋದು ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯೋಕೆ ಕೂತರು. ಅದೇ ಜುಲೈನಲ್ಲಿ ಉಸ್ತುವಾರಿ ಜುನಿಯೊ ಹಮಾನೊ ಕೈಗೆ ಹೋಯ್ತು. ಪ್ರಪಂಚದ ನಾನಾ ಮೂಲೆಯಲ್ಲಿರೋ ಜನ ಒಂದು ಸರ್ವರ್‌ಗೆ ಕಾಯದೆ ಕೆಲಸ ಮಾಡಲಿ ಅಂತ ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಚರಿತ್ರೆ ಇರೋ ಹಾಗೆ ಕಟ್ಟಿದ್ದಾರೆ. ನಮ್ಮ ಕಡೆ ಕರೆಂಟು ಹೋಗಿ ವೈಫೈ ಸತ್ತರೂ ಲ್ಯಾಪ್‌ಟಾಪಿನಲ್ಲಿ ಕಮಿಟ್ ನಡೀತಿರುತ್ತೆ. ಗಿಟ್‌ಹಬ್ ಬಂದಿದ್ದು 2008ರಲ್ಲಿ. 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅದು ನಮ್ಮ ರೆಪೊ ಇಟ್ಟುಕೊಳ್ಳೋ ಜಾಗ, ಜೊತೆಗೆ ಮಾತುಕತೆಗೊಂದು ಜಗಲಿ. ಗಿಟ್‌ಲ್ಯಾಬ್, ಕೋಡ್‌ಬರ್ಗ್ ಕೂಡ ಇವೆ, ಅಲ್ಲೂ ಇದೇ ಗಿಟ್.

ಜುಲೈ: ಇಬ್ಬರಾದೆವು

ಗಿಟ್‌ಹಬ್‌ಗೆ ಮೊದಲ ಪುಶ್ (ನಮ್ಮ ಕಮಿಟ್‌ಗಳನ್ನು ಅಲ್ಲಿಗೆ ಕಳಿಸೋದು) ಮಾಡೋವಾಗ ಹಳೇ ವಿಡಿಯೋಗಳನ್ನು ನಂಬಬೇಡಿ. ಅವುಗಳಲ್ಲಿ ಟರ್ಮಿನಲ್‌ಗೆ ಪಾಸ್‌ವರ್ಡ್ ಟೈಪ್ ಮಾಡಿಬಿಡ್ತಾರೆ. 2021ರ ಆಗಸ್ಟ್ 13ರಿಂದ ಅದು ನಡೆಯಲ್ಲ. ಪಾಸ್‌ವರ್ಡ್ ಬದಲು ನಮ್ಮ ಗುರುತು ಹೇಳೋ ಎಸ್‌ಎಸ್‌ಎಚ್ ಕೀ ಫೈಲು ಮಾಡಿಕೊಳ್ಳಬೇಕು, ಇಲ್ಲವೇ ಗಿಟ್‌ಹಬ್ ಕೊಡೋ ಟೋಕನ್ (ಉದ್ದನೆಯ ಗುಟ್ಟಿನ ಸಂಕೇತ) ತಗೋಬೇಕು. ಕೀ ಮಾಡಿಕೊಂಡರೆ ದಿನಾ ಕೇಳೋ ಕಾಟ ಇಲ್ಲ. ಇನ್ನೊಂದು, ಗಿಟ್‌ಹಬ್ 2020ರಿಂದ ಹೊಸ ರೆಪೊದ ಮುಖ್ಯ ಕವಲಿಗೆ (ಬ್ರಾಂಚ್) 'ಮೇನ್' ಅಂತಿದೆ, ನನ್ನ ಲ್ಯಾಪ್‌ಟಾಪಿನ ಗಿಟ್ 'ಮಾಸ್ಟರ್' ಅಂತಲೇ ಶುರು ಮಾಡುತ್ತೆ. ಎರಡೂ ಒಂದೇ ಹೆಸರಾಗೋ ಹಾಗೆ ಮೊದಲೇ ನೋಡಿಕೊಳ್ಳಿ. ಖಾಸಗಿ ರೆಪೊಗೆ ಎಷ್ಟು ಜನರನ್ನಾದರೂ ದುಡ್ಡಿಲ್ಲದೆ ಸೇರಿಸಬಹುದು, ಅಕ್ಕನ ಮಗಳನ್ನು ಸೇರಿಸಿದೆ.

ಸೇರಿದ ಮೇಲೆ ಬಂತು ಮರ್ಜ್ ಕಾನ್‌ಫ್ಲಿಕ್ಟು, ಅಂದರೆ ಇಬ್ಬರ ಬದಲಾವಣೆಗಳನ್ನು ಒಂದು ಮಾಡೋವಾಗ ಬರೋ ತಿಕ್ಕಾಟ. ಅವಳು ಅಲ್ಲಿ ಸೋಮವಾರದ ಸಾಲು ಸೇರಿಸಿದಳು, ನಾನು ಇಲ್ಲಿ ಮಂಗಳವಾರದ್ದು. ಬೇರೆ ಬೇರೆ ದಿನ, ಜಗಳ ಯಾಕೆ ಬರಬೇಕು? ಗಿಟ್‌ಗೆ ದಿನಾಂಕ ಗೊತ್ತಿಲ್ಲ. ಇಬ್ಬರೂ ಫೈಲಿನ ಕೊನೆಯ ಸಾಲಿನ ಕೆಳಗೇ ಬರೆದಿದ್ದಾರೆ, ಯಾವುದು ಮೊದಲು ಅಂತ ಅದು ಹೇಗೆ ಹೇಳೀತು? ಇದಕ್ಕೆ ಡಾಟ್ ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ 'ಮರ್ಜ್=ಯೂನಿಯನ್' ಅಂತ ಹಾಕಿದರೆ ಎರಡೂ ಸಾಲನ್ನು ಕೇಳದೆ ಉಳಿಸಿಕೊಳ್ಳುತ್ತೆ. ನಾವು ಹಾಕಲಿಲ್ಲ. ಯಾಕಂದರೆ ಸ್ವಲ್ಪ ದಿನಕ್ಕೇ ನಿಜವಾದ ಕಾನ್‌ಫ್ಲಿಕ್ಟು ಒಂದು ಬಂತು: ಒಂದೇ ದಿನಕ್ಕೆ ಅವಳು 103.40 ಬರೆದಿದ್ದಾಳೆ, ನಾನು 104.30. ಬಾಣದ ಗುರುತು ಏಳೇಳು ಸಾಲಾಗಿ ನಿಲ್ಲಿಸಿ, ಮಧ್ಯೆ ಸಮ ಚಿಹ್ನೆಯ ಗೆರೆ ಎಳೆದು, ಇಬ್ಬರದನ್ನೂ ಮೇಲೆ ಕೆಳಗೆ ಇಟ್ಟು ಗಿಟ್ ಕೂತಿತ್ತು.

ಅವಳ ಫೋನು ಬಂತು. "ಮಾವ, ನಿಮ್ಮ ಪೇಪರಲ್ಲಿ ಏನಿದೆ ನೋಡಿ."

"ನೂರಾ ನಾಲ್ಕು ಪಾಯಿಂಟ್ ಮೂವತ್ತು ಅಂತ ಅಚ್ಚಾಗಿದೆ ಕಣವ್ವ."

"ನಮ್ಮಲ್ಲಿ ಬೇರೆ ಇದೆಯಲ್ಲ?"

ಇಬ್ಬರೂ ಸರಿಯಾಗೇ ನಕಲು ಮಾಡಿದ್ದೀವಿ, ಎರಡು ಪೇಪರಿನ ಅಚ್ಚೇ ಬೇರೆ. ಹಿಂದೆ ಮುಂದೆ ದಿನಗಳ ಮಟ್ಟ ನೋಡಿದಾಗ ಅವಳದು ಹೊಂದಿತು, ಅದನ್ನು ಉಳಿಸಿದ್ವಿ. ಯೂನಿಯನ್ ಹಾಕಿದ್ದಿದ್ದರೆ ಒಂದೇ ದಿನಕ್ಕೆ ಎರಡು ಸಾಲು ಸದ್ದಿಲ್ಲದೆ ಒಳಗೆ ಕೂತಿರ್ತಿತ್ತು, ಗ್ರಾಫಿನಲ್ಲಿ ಒಂದು ಮುಳ್ಳು ಎದ್ದಾಗಲೇ ಗೊತ್ತಾಗೋದು. ಆವತ್ತೇ ಫೈಲಿಗೆ 'ಮೂಲ' ಅಂತ ಹೊಸ ಅಂಕಣ ಸೇರಿಸಿದ್ವಿ. ಯಾವ ಪೇಪರು, ಯಾವ ನೋಟ್‌ಬುಕ್ಕು ಅಂತ ಪ್ರತಿ ಸಾಲಿಗೂ ಬರೀತೀವಿ. ಕೆಲಸವನ್ನೂ ಹಂಚಿಕೊಂಡ್ವಿ: ವರ್ಷಕ್ಕೊಂದು ಫೈಲು, ಈ ವರ್ಷದ್ದು ಅವಳದು, ನೋಟ್‌ಬುಕ್ಕಿನ ವರ್ಷಗಳು ನನ್ನವು. ಬೇಡದ ಕಾನ್‌ಫ್ಲಿಕ್ಟುಗಳು ಅಲ್ಲಿಗೆ ನಿಂತವು.

ಗ್ರಾಫಿನ ಕೋಡನ್ನು ಅವಳು ಬೇರೆ ಬ್ರಾಂಚಿನಲ್ಲಿ ಬರೆದು ಪುಲ್ ರಿಕ್ವೆಸ್ಟ್ (ನೋಡಿ ಮುಖ್ಯ ಕವಲಿಗೆ ಸೇರಿಸಿ ಅನ್ನೋ ಕೋರಿಕೆ) ಕಳಿಸ್ತಾಳೆ. ಇಬ್ಬರೇ ಇರೋವಾಗ ಫೋರ್ಕ್ (ರೆಪೊದ ಸ್ವಂತ ನಕಲು) ಅಗತ್ಯ ಇಲ್ಲ. ಅದು ರೆಪೊಗೆ ಬರೆಯೋ ಹಕ್ಕಿಲ್ಲದ ಹೊರಗಿನವರಿಗೆ. ನನಗೆ ಪೈಥಾನ್ ಪೂರ್ತಿ ಅರ್ಥವಾಗಲ್ಲ, ಆದರೂ ಸಾಲಿನ ಪಕ್ಕ ಕನ್ನಡದಲ್ಲೇ ಕಾಮೆಂಟ್ ಬರೀತೀನಿ. 124.80ಕ್ಕೆ ಅಡ್ಡಗೆರೆ ಬೇಕು, ವರ್ಷ ಜನವರಿಯಿಂದ ಬೇಡ ಜೂನ್‌ನಿಂದ ಶುರುವಾಗಲಿ, ಮುಂಗಾರು ಹಿಡಿದ ಮೇಲೆ ತಾನೇ ಕಟ್ಟೆ ತುಂಬೋದು ಅಂದೆ. ಅದಕ್ಕೆ ಅವಳು ಮತ್ತೊಂದು ಕಮಿಟ್ ಹಾಕಿದಳು, ಅದೇ ಪುಲ್ ರಿಕ್ವೆಸ್ಟಿಗೆ ತಾನಾಗೇ ಸೇರಿಕೊಂಡಿತು.

ಮೊದಲ ಗ್ರಾಫಿನಲ್ಲಿ 'ಕಟ್ಟೆ', 'ಮಟ್ಟ' ಎರಡರದ್ದೂ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಪೈಥಾನ್‌ನಲ್ಲಿ ಗ್ರಾಫ್ ಬಿಡಿಸೋಕೆ ನಾವು ಬಳಸ್ತಿರೋ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗೆ ಕನ್ನಡದ ಅಕ್ಷರ ಜೋಡಿಸೋಕೆ ಬರಲ್ಲ, ಫಾಂಟ್ ಬದಲಿಸಿದರೂ ಅದೇ ಗತಿ. ಅದನ್ನು ಗಿಟ್‌ಹಬ್‌ನಲ್ಲಿ ಇಶ್ಯೂ (ಬಗೆಹರಿಸಬೇಕಾದ ತೊಂದರೆಯ ಟಿಪ್ಪಣಿ) ಅಂತ ಬರೆದಿಟ್ಟೆ. ಅವಳು ಚಿತ್ರವನ್ನು ಎಸ್‌ವಿಜಿಯಾಗಿ (ಬ್ರೌಸರಿನಲ್ಲಿ ತೆರೆಯೋ ಚಿತ್ರದ ರೂಪ) ಉಳಿಸಿ, ಅಕ್ಷರಗಳನ್ನು ಗೆರೆ ಮಾಡದೆ ಅಕ್ಷರವಾಗೇ ಬಿಡೋ ಹಾಗೆ ಫಾಂಟ್‌ಟೈಪ್‌ಗೆ 'ನನ್' ಕೊಟ್ಟಳು. ಬ್ರೌಸರಿನಲ್ಲಿ ತೆರೆದರೆ ಒತ್ತು ಸರಿಯಾಗಿ ಕೆಳಗೆ ಕೂತಿದೆ, ಜೋಡಿಸೋ ಕೆಲಸ ಬ್ರೌಸರಿನದಾಯ್ತು. ಪುಲ್ ರಿಕ್ವೆಸ್ಟಿನ ವಿವರಣೆಯಲ್ಲಿ 'ಫಿಕ್ಸಸ್' ಅಂತ ಬರೆದು ಇಶ್ಯೂ ಸಂಖ್ಯೆ ಹಾಕಿದ್ದಳು. ಮರ್ಜ್ ಆದ ಕೂಡಲೇ ಇಶ್ಯೂ ತಾನೇ ಮುಚ್ಚಿಕೊಂಡಿತು.

ಈಗ ಎಲ್ಲಿಗೆ ಬಂದಿದ್ದೀವಿ

ನೋಟ್‌ಬುಕ್ಕುಗಳ ಪುಟಗಳ ಫೋಟೊ ಎಲ್ಲಿಡೋದು ಅನ್ನೋದು ತೀರ್ಮಾನ ಆಗಿಲ್ಲ. ಗಿಟ್‌ಹಬ್ 100 ಎಂಬಿ ಮೀರಿದ ಒಂದೇ ಫೈಲನ್ನು ತಗೊಳ್ಳಲ್ಲ. ಫೋಟೊಗಳು ಅಷ್ಟು ದೊಡ್ಡವಲ್ಲ, ಆದರೆ ಒಮ್ಮೆ ಹಾಕಿದ್ದು ಅಳಿಸಿದರೂ ಚರಿತ್ರೆಯಲ್ಲಿ ಉಳಿದು ರೆಪೊ ಉಬ್ಬುತ್ತಾ ಹೋಗುತ್ತೆ. ಸದ್ಯಕ್ಕೆ ಅವನ್ನು ಡಾಟ್ ಗಿಟ್‌ಇಗ್ನೋರ್‌ಗೆ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿ) ಸೇರಿಸಿ, ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೀನಿ. ರೀಡ್‌ಮಿ (ರೆಪೊದ ಪರಿಚಯದ ಫೈಲು) ಕನ್ನಡದಲ್ಲಿ ಅರ್ಧ ಆಗಿದೆ, ಅಂಕಣಗಳ ವಿವರಣೆ ಬಾಕಿ. ಅದು ಮುಗಿದ ಮೇಲೆ ರೆಪೊ ಸಾರ್ವಜನಿಕ ಮಾಡ್ತೀವಿ. ನಿಮ್ಮ ಮನೆಯಲ್ಲೂ ಕಟ್ಟೆ ಮಟ್ಟ ಬರೆದಿಟ್ಟ ಹಳೇ ಡೈರಿ ಇದ್ದರೆ ದಿನಾಂಕ, ಮಟ್ಟ, ಮೂಲ ಈ ಮೂರನ್ನಾದರೂ ಸಿಎಸ್‌ವಿ ಮಾಡಿಟ್ಟುಕೊಂಡಿರಿ, ಆಮೇಲೆ ಸೇರಿಸೋಕೆ ಸುಲಭ.