ಪಾಠವಿಲ್ಲದ ಪೀರಿಯಡ್‌ನಲ್ಲಿ ಮೇಷ್ಟರಿಗೇನು ಕೆಲಸ?

ವೇಳಾಪಟ್ಟಿಯಲ್ಲಿ ‘ಸ್ವಂತ ಓದು’ ಎಂದು ಬರೆದಿರುವ ಪೀರಿಯಡ್ ಬೇಲಿಯಿಲ್ಲದ ಹೊಲವಿದ್ದ ಹಾಗೆ. ಪೋರ್ಷನ್ ಮುಗಿಯದವರು, ಕಿರುಪರೀಕ್ಷೆ ಇಡಬೇಕಾದವರು, ವಾರ್ಷಿಕೋತ್ಸವದ ನೃತ್ಯಕ್ಕೆ ತಾಲೀಮು ಮಾಡಿಸುವವರು, ಎಲ್ಲರ ಕಣ್ಣೂ ಮೊದಲು ಬೀಳುವುದು ಅದರ ಮೇಲೆಯೇ. “ಹೇಗೂ ನೀವು ಪಾಠ ಮಾಡುವುದಿಲ್ಲವಲ್ಲ ಮೇಡಂ, ಇದೊಂದು ಪೀರಿಯಡ್ ನನಗೆ ಬಿಟ್ಟುಕೊಡಿ” ಎಂದು ಕೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜೊತೆಗೆ ಈ ಪೀರಿಯಡ್‌ಗಳ ಉಸ್ತುವಾರಿಯೂ ನನ್ನದೇ. ಬಿಟ್ಟುಕೊಡುವುದಿಲ್ಲ ಎಂದು ಮುಖ ಕೆಡಿಸಿಕೊಳ್ಳದೆ ಹೇಳುವುದನ್ನು ಕಲಿತಿದ್ದೇನೆ. ಏಕೆ ಬಿಟ್ಟುಕೊಡುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮಲ್ಲಿ ಈ ಹೊತ್ತಿನಲ್ಲಿ ಯಾವ ವಿಷಯ ಹಿಡಿಯಬೇಕು, ಯಾವುದು ಮೊದಲು ಯಾವುದು ಆಮೇಲೆ, ಒಬ್ಬರೇ ಕೂರುವುದೋ ಇಬ್ಬರು ಸೇರುವುದೋ, ಇದೆಲ್ಲ ವಿದ್ಯಾರ್ಥಿಯ ತೀರ್ಮಾನ. ಕೆಲಸ ಮಾಡುವುದೋ ಬಿಡುವುದೋ ಎಂಬುದು ಮಾತ್ರ ಅವರ ತೀರ್ಮಾನಕ್ಕೆ ಬಿಟ್ಟದ್ದಲ್ಲ. ಮೊಬೈಲ್ ಒಳಗೆ ಬರುವುದಿಲ್ಲ. ನಿಯಮಗಳು ಇಷ್ಟೇ. ಇನ್ನೊಂದು ಇದೆ, ಅದೇ ಎಲ್ಲಕ್ಕಿಂತ ಮುಖ್ಯ: ಪೀರಿಯಡ್ ಶುರುವಾಗುವ ಮೊದಲು ಒಂದು ಚೀಟಿಯಲ್ಲಿ ಇವತ್ತು ಏನು ಮಾಡುತ್ತೇನೆಂದು ಎರಡು ಸಾಲು ಬರೆದು ಮೇಜಿನ ಮೇಲಿಡಬೇಕು.

ಹೊಸದಾಗಿ ಸೇರಿದವರ ಚೀಟಿಗಳನ್ನು ನೋಡಬೇಕು ನೀವು. “ವಿಜ್ಞಾನ ಓದುವುದು.” “ಸಮಾಜ ಮುಗಿಸುವುದು.” “ಗಣಿತ.” ಅಷ್ಟೇ, ಬರೀ ಗಣಿತ! ನಾನು ಬೈಯುವುದಿಲ್ಲ. ಚೀಟಿಯ ಕೆಳಗೆ “ಮುಗಿಯಿತೆಂದು ನಿನಗೆ ಹೇಗೆ ಗೊತ್ತಾಗುತ್ತದೆ?” ಎಂದು ಬರೆದು ಹಿಂದಕ್ಕೆ ಕೊಡುತ್ತೇನೆ. ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಮುನಿಸಿಕೊಳ್ಳುತ್ತಾರೆ. ದಿನ ಕಳೆದಂತೆ ಅದೇ ಚೀಟಿ “ದ್ಯುತಿಸಂಶ್ಲೇಷಣೆಯ ಚಿತ್ರ ಪುಸ್ತಕ ಮುಚ್ಚಿ ಬರೆದು, ಭಾಗಗಳನ್ನು ಗುರುತಿಸಿ, ಆಮೇಲೆ ತಾಳೆ ನೋಡುವುದು” ಎಂದಾಗುತ್ತದೆ. ಸ್ವನಿಯಂತ್ರಿತ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಬ್ಯಾರಿ ಝಿಮ್ಮರ್‌ಮನ್ ಅದಕ್ಕೆ ಮೂರು ಹಂತಗಳನ್ನು ಹೇಳುತ್ತಾರೆ: ಮೊದಲು ಯೋಚನೆ, ನಡುವೆ ಕೆಲಸ, ಕೊನೆಗೆ ತಾನು ಮಾಡಿದ್ದನ್ನು ತಾನೇ ತೂಗಿ ನೋಡುವುದು. ಮಾಮೂಲಿ ತರಗತಿಯಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ನಾವು ಮೇಷ್ಟರೇ ಮಾಡಿಬಿಡುತ್ತೇವೆ. ಮಕ್ಕಳಿಗೆ ಉಳಿಯುವುದು ನಡುವಿನದು ಮಾತ್ರ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ವರ್ಗ ಸಮೀಕರಣದ ಅಧ್ಯಾಯ ಮುಗಿದಿತ್ತು. ಅಭ್ಯಾಸದ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸುತ್ತೇನೆಂದು ಚೀಟಿಯಲ್ಲಿ ಬರೆದಳು, ಮುಗಿಸಿಯೂ ಬಿಟ್ಟಳು. ಅಪವರ್ತನ ಅವಳಿಗೆ ನೀರು ಕುಡಿದಷ್ಟು ಸಲೀಸು. ಮುಂದಿನ ಸಲವೂ ಅದನ್ನೇ ಬರೆದು ತಂದಾಗ, “ಇದರಲ್ಲಿ ನಿನಗೆ ಬೇಡವೆನಿಸುವ ಲೆಕ್ಕ ಯಾವುದು?” ಎಂದು ಕೇಳಿದೆ. ಹೇಳಿಕೆಯ ಲೆಕ್ಕಗಳ ಪುಟ ತೆಗೆದಳು. ಆಯತದ ಉದ್ದ ಅಗಲಕ್ಕಿಂತ 7 ಮೀಟರ್ ಹೆಚ್ಚು, ವಿಸ್ತೀರ್ಣ 60 ಚದರ ಮೀಟರ್, ಅಗಲ ಎಷ್ಟು? ಅವಳು ಅಗಲವನ್ನು x, ಉದ್ದವನ್ನು 7x ಎಂದು ಬರೆದುಕೊಂಡಳು. 7x² = 60 ಎಂದು ಬಂತು. ಭಾಗಿಸಿದರೆ ಕೈಗೆ ಹತ್ತದ ಸಂಖ್ಯೆ. ಪೆನ್ಸಿಲ್ ನಿಂತಿತು. ನಾನು ಎರಡು ಬೆಂಚು ಆಚೆ ನಿಂತು ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಗಣಿತದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವಳು ವಾಕ್ಯವನ್ನು ಮತ್ತೆ ಓದಿದಳು, ಬೆರಳಿಟ್ಟು ಓದಿದಳು. ‘ಹೆಚ್ಚು’ ಎಂಬಲ್ಲಿ ಬೆರಳು ನಿಂತಿತು. 7x ಹೊಡೆದು x + 7 ಎಂದು ಬರೆದಳು. x² + 7x − 60 = 0. ಆಮೇಲೆ ಅವಳಿಗೆ ಹೇಳಿಕೊಡಬೇಕಾದದ್ದೇನೂ ಇರಲಿಲ್ಲ: ಅಗಲ 5, ಉದ್ದ 12. ಹೊರಡುವಾಗ ನನ್ನ ಹತ್ತಿರ ಬಂದು, “ನನಗೆ ಸಮೀಕರಣ ಬಿಡಿಸುವುದು ಬರುತ್ತದೆ ಮಿಸ್, ಕಟ್ಟುವುದು ಬರುವುದಿಲ್ಲ” ಎಂದಳು. ಅವಳ ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೇ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ಮುಂದಿನ ಚೀಟಿಯಲ್ಲಿ ಅವಳು ಬರೆದದ್ದು: “ಐದು ಹೇಳಿಕೆಯ ಲೆಕ್ಕಗಳಿಗೆ ಸಮೀಕರಣ ಮಾತ್ರ ಬರೆಯುವುದು, ಬಿಡಿಸುವುದು ಬೇಡ.”

ಅಧ್ಯಾಯದ ಕೊನೆಯ ಅಭ್ಯಾಸ ಹೀಗೆ ಮೋಸ ಮಾಡುವುದಕ್ಕೆ ಕಾರಣವಿದೆ. ಯಾವ ವಿಧಾನ ಬಳಸಬೇಕೆಂದು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪರೀಕ್ಷೆಯ ಪ್ರಶ್ನೆ ಹೇಳುವುದಿಲ್ಲ. ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ಘನಾಕೃತಿಗಳ ಘನಫಲದ ಲೆಕ್ಕ ಮಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಒಂದು ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89ರಷ್ಟು ಸರಿ ಮಾಡಿದರು, ಬೆರೆಸಿ ಮಾಡಿದವರು ಶೇ 60ರಷ್ಟು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ 20ಕ್ಕೆ ಇಳಿದರು, ಬೆರೆಸಿ ಮಾಡಿದವರು ಶೇ 63ರಲ್ಲಿ ಉಳಿದರು. ಹಾಗಾಗಿ ಸ್ವಂತ ಓದಿನ ಹೊತ್ತಿನಲ್ಲಿ ಹಳೆಯ ಅಧ್ಯಾಯಗಳಿಂದ ಒಂದೊಂದು ಲೆಕ್ಕ ಹೆಕ್ಕಿಕೊಂಡು ತಡವರಿಸುತ್ತಿರುವ ಹುಡುಗನನ್ನು ಕಂಡರೆ ನನಗೆ ಸಂತೋಷ. ಒಂದೇ ಬಗೆಯ ಲೆಕ್ಕಗಳನ್ನು ಸರಸರನೆ ಮಾಡಿ ಪುಟ ತುಂಬಿಸುವವನನ್ನು ಕಂಡರೆ ಅನುಮಾನ.

ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ತಾವಾಗಿಯೇ ಚೆನ್ನಾಗಿ ಓದುತ್ತಾರೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಬಿಟ್ಟರೆ ಬಹುತೇಕರು ಮಾಡುವುದು ಎರಡೇ: ಓದಿದ್ದನ್ನೇ ಓದುವುದು, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು. ಮೂರು ಬಣ್ಣಗಳಲ್ಲಿ ಗೆರೆ ಬಿದ್ದ ಪುಟ ನೋಡುವುದಕ್ಕೆ ಅಂದ, ತಲೆಗೆ ಹೋದದ್ದು ಎಷ್ಟು ಎಂದು ಕೇಳಬಾರದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಓದಿದರು, ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮೇಲು. ಎರಡು ದಿನ ಮತ್ತು ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮೇಲು. ತಮಾಷೆಯೆಂದರೆ, ತಮಗೆ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಿದ್ದದ್ದು ಮತ್ತೆ ಮತ್ತೆ ಓದಿದವರಿಗೇ. ಆದ್ದರಿಂದ ಸ್ವಂತ ಓದನ್ನೂ ಕಲಿಸಬೇಕಾಗುತ್ತದೆ. ಪುಸ್ತಕ ಮುಚ್ಚಿ ಬರೆ, ಆಮೇಲೆ ತೆರೆದು ತಾಳೆ ನೋಡು ಎಂಬುದನ್ನು ನಾನು ಒಂದು ಪಾಠದಷ್ಟೇ ಗಂಭೀರವಾಗಿ ಮಾಡಿ ತೋರಿಸುತ್ತೇನೆ.

ಇನ್ನೊಂದು ಎಚ್ಚರ. ಹೊಸ ಅಧ್ಯಾಯವನ್ನು ಈ ಹೊತ್ತಿಗೆ ಬಿಡುವುದಿಲ್ಲ. ವಿಷಯಕ್ಕೆ ತೀರಾ ಹೊಸಬರಾದವರಿಗೆ ಬಿಡಿಸಿ ಹೇಳುವವರು ಬೇಕು. ದಾರಿ ತೋರದೆ ನೀನೇ ಕಂಡುಕೋ ಎಂದರೆ ಅವರ ಗಮನವೆಲ್ಲ ತಡಕಾಡುವುದರಲ್ಲೇ ಸೋರಿಹೋಗುತ್ತದೆ ಎಂಬುದು ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಮಂಡಿಸಿದ ವಾದ. ಅವರ ವಾದಕ್ಕೆ ಸಾಕಷ್ಟು ಪ್ರತಿವಾದಗಳೂ ಬಂದಿವೆ, ಆದರೆ ನನ್ನ ತರಗತಿಯಲ್ಲಿ ಕಂಡದ್ದು ಅವರ ಮಾತಿಗೇ ಹತ್ತಿರ. ಒಮ್ಮೆ ಕಲಿತದ್ದು ಮಾಸತೊಡಗುವ ಹೊತ್ತಿಗೆ ಅದನ್ನು ಮತ್ತೆ ಹಿಡಿಯುವುದಕ್ಕೆ ಈ ಪೀರಿಯಡ್. ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲು ಬೇಗಬೇಗ, ಆಮೇಲೆ ನಿಧಾನವಾಗಿ ನಡೆಯುತ್ತದೆಂದು 1885ರಲ್ಲೇ ಬರೆದಿಟ್ಟ. ಒಂದು ತರಗತಿಯಲ್ಲಿ ಕೂತ ಅಷ್ಟೂ ತಲೆಗಳಲ್ಲಿ ಯಾವ ಪಾಠ ಎಷ್ಟು ಮಾಸಿದೆ ಎಂದು ನೋಡಿ ವೇಳಾಪಟ್ಟಿ ಹಾಕಲು ಯಾವ ಮುಖ್ಯೋಪಾಧ್ಯಾಯರಿಗೂ ಸಾಧ್ಯವಿಲ್ಲ. ಹೊಂದಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೇ ಕೊಡಬೇಕೆನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದು.

ಇದೆಲ್ಲ ಹೊಸ ಫ್ಯಾಷನ್ ಎನ್ನುವವರು ಸ್ಟಾಫ್ ರೂಮಿನಲ್ಲಿ ಇದ್ದೇ ಇರುತ್ತಾರೆ. ಹೆಲೆನ್ ಪಾರ್ಕ್‌ಹರ್ಸ್ಟ್ ಎಂಬ ಶಿಕ್ಷಕಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಾಲ್ಟನ್ ಊರಿನ ಹೈಸ್ಕೂಲಿನಲ್ಲಿ 1920ರ ಹೊತ್ತಿಗೇ ಇದನ್ನು ಮಾಡಿದ್ದರು. ತಿಂಗಳ ಕೆಲಸವನ್ನು ವಿದ್ಯಾರ್ಥಿ ಒಂದು ಕರಾರಿನಂತೆ ಒಪ್ಪಿಕೊಳ್ಳುತ್ತಿದ್ದ. ಯಾವ ದಿನ ಯಾವ ವಿಷಯದ ಕೋಣೆಗೆ ಹೋಗಬೇಕೆಂಬುದು ಅವನ ಲೆಕ್ಕಾಚಾರ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂದಿಗೂ ಡಾಲ್ಟನ್ ಶಾಲೆಗಳಿವೆ. ಆ ಪದ್ಧತಿಯನ್ನು ಹೊಗಳುವವರು ಸ್ವಾತಂತ್ರ್ಯದ ಭಾಗವನ್ನು ಮಾತ್ರ ಹೊಗಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಪ್ರಗತಿಯನ್ನು ತಾವೇ ಗುರುತಿಸಿಕೊಳ್ಳಬೇಕಿದ್ದ ನಕ್ಷೆಯ ಕಾರ್ಡೂ ಅಲ್ಲಿತ್ತು ಎಂಬುದನ್ನು ಮರೆಯುತ್ತಾರೆ.

ಆ ಕಾರ್ಡಿನ ಕೆಲಸವನ್ನು ನಮ್ಮಲ್ಲಿ ಚೀಟಿಗಳು ಮಾಡುತ್ತವೆ. ಒಬ್ಬ ಹುಡುಗ ಯಾವಾಗಲೂ ಭೂಪಟವನ್ನೇ ತೆಗೆಯುತ್ತಿದ್ದ. ನದಿಗಳು, ಪರ್ವತಗಳು, ಅಚ್ಚುಕಟ್ಟಾದ ಕೈಬರಹ, ಗಲಾಟೆಯಿಲ್ಲ, ದೂರಿಲ್ಲ. ಇಂಥವರೇ ಕಣ್ಣಿಗೆ ಬೀಳದೆ ಜಾರಿಹೋಗುವುದು. ಗದ್ದಲ ಮಾಡುವವರು ಹೇಗೂ ಸಿಕ್ಕಿಬೀಳುತ್ತಾರೆ. ಅವನ ಚೀಟಿಗಳನ್ನು ಸಾಲಾಗಿ ಮೇಜಿನ ಮೇಲೆ ಜೋಡಿಸಿ, “ಏನು ಕಾಣುತ್ತದೆ ಹೇಳು” ಎಂದೆ. ಸ್ವಲ್ಪ ಹೊತ್ತು ನೋಡಿ, “ಇಂಗ್ಲಿಷ್ ಒಂದೂ ಇಲ್ಲ ಮಿಸ್” ಎಂದು ನಕ್ಕ. ಇಂಗ್ಲಿಷ್ ಓದು ಎಂದು ನಾನು ಹೇಳಲಿಲ್ಲ. ಮುಂದಿನ ಚೀಟಿಯ ಎರಡನೆಯ ಸಾಲಿನಲ್ಲಿ ಅದು ಬಂತು, ಮೊದಲನೆಯದು ಮಾತ್ರ ಆಗಲೂ ಭೂಪಟವೇ. ಇರಲಿ.

ಪೋಷಕರ ಸಭೆಯಲ್ಲಿ ಒಬ್ಬ ತಂದೆ ನೇರವಾಗಿಯೇ ಕೇಳಿದರು: “ಶಾಲೆಯಲ್ಲೂ ಮಕ್ಕಳು ತಾವೇ ಓದಿಕೊಳ್ಳುವುದಾದರೆ ನೀವು ಏಕೆ ಮೇಡಂ?” ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಓದಿಕೊಳ್ಳಲಿ ಎಂದು ಹೇಳುವುದು ಸುಲಭ, ಆದರೆ ಎಲ್ಲ ಮನೆಗಳೂ ಒಂದೇ ಥರ ಇರುವುದಿಲ್ಲ. ಒಬ್ಬರಿಗೆ ಸ್ವಂತ ಕೋಣೆ, ಇನ್ನೊಬ್ಬರಿಗೆ ಪುಟ್ಟ ತಮ್ಮನನ್ನು ನೋಡಿಕೊಳ್ಳುವ ಕೆಲಸ. ಶಾಲೆಯೊಳಗಿನ ಈ ಹೊತ್ತು ಮಾತ್ರ ಎಲ್ಲರಿಗೂ ಸಮ, ಸಿಕ್ಕಿಬಿದ್ದರೆ ಕೇಳಲು ಹತ್ತಿರದಲ್ಲೇ ಒಬ್ಬರಿರುತ್ತಾರೆ. ನಿದ್ದೆಯ ಮಾತೂ ಇದೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯ ಶಿಫಾರಸು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ರಾತ್ರಿಯ ಕಡೆಗೆ ಜರುಗಿರುತ್ತದೆ. ಶಾಲೆಯಲ್ಲಿ ಮುಗಿದ ಕೆಲಸ ರಾತ್ರಿಯ ನಿದ್ದೆಯನ್ನು ತಿನ್ನುವುದಿಲ್ಲ. ಆ ತಂದೆ ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ಹೇಳಲಾರೆ.

ಇದನ್ನು ಶುರು ಮಾಡಬೇಕೆಂದಿರುವ ಸಹೋದ್ಯೋಗಿಗಳಿಗೆ ಇಷ್ಟು ಹೇಳುತ್ತೇನೆ. ವಾರಕ್ಕೆ ಒಂದೇ ಪೀರಿಯಡ್‌ನಿಂದ ಹಿಡಿಯಿರಿ. ಬೋರ್ಡಿನ ಹತ್ತಿರ ನಿಲ್ಲಬೇಡಿ, ನಿಂತರೆ ಕೈ ತಾನಾಗಿ ಚಾಕ್‌ಪೀಸ್ ಹಿಡಿಯುತ್ತದೆ. ಯಾರಾದರೂ ಬಂದು “ಇದು ಬರುತ್ತಿಲ್ಲ” ಎಂದರೆ, “ಎಲ್ಲಿಯವರೆಗೆ ಬಂತು ತೋರಿಸು” ಎನ್ನಿ. ಅರ್ಧದಷ್ಟು ಜನ ತೋರಿಸುವಾಗಲೇ ತಪ್ಪು ಹಿಡಿದುಕೊಂಡು ಹಿಂದಿರುಗುತ್ತಾರೆ. ಕೊನೆಯ ಐದು ನಿಮಿಷ ಚೀಟಿಯ ಹಿಂಬದಿಗೆ: ಏನಾಯಿತು, ಏನು ಉಳಿಯಿತು. ಉಳಿದದ್ದೇ ಮುಂದಿನ ಚೀಟಿಯ ಮೊದಲ ಸಾಲು. ಮೊದಮೊದಲು ಗದ್ದಲವಿರುತ್ತದೆ, ಅರ್ಧ ತರಗತಿ ಗಡಿಯಾರ ನೋಡುತ್ತದೆ, ಪಕ್ಕದ ತರಗತಿಯವರು ಬಾಗಿಲಿಗೆ ಬಂದು ಇಣುಕುತ್ತಾರೆ. ಆಗ ಪೀರಿಯಡ್ ನಿಲ್ಲಿಸಿ ಪಾಠ ಶುರು ಮಾಡಿಬಿಟ್ಟರೆ, ಗದ್ದಲ ಮಾಡಿದರೆ ಯೋಚಿಸುವ ಕಷ್ಟ ತಪ್ಪುತ್ತದೆಂದು ಮಕ್ಕಳು ಕಲಿಯುತ್ತಾರೆ.